ಕಾರ್ಲ್ ಲ್ಯಾಂಡ್‌ಸ್ಟೈನರ್

ರಕ್ತ ನಷ್ಟವಾಗಿ ಸಾಯುತ್ತಿರುವವನಿಗೆ ಮತ್ತೊಬ್ಬರ ರಕ್ತವನ್ನು ಕೊಟ್ಟು ಉಳಿಸಬಾರದೇಕೆ ಎಂಬ ಆಲೋಚನೆ ವೈದ್ಯರಿಗೆ ಬಹು ಹಿಂದೆಯೇ ಹೊಳೆದಿತ್ತು. ಆದರೆ ಆ ದಾರಿಯಲ್ಲಿ ನಡೆದವರು ಕಂಡುದು ಭಯಂಕರವಾದ ಪರಿಣಾಮಗಳನ್ನು. ೧೬೬೭ರಲ್ಲಿ ಪ್ಯಾರಿಸಿನ ಡೆನಿ ಎಂಬ ವೈದ್ಯನು ಮನೋರೋಗಿಯೊಬ್ಬನ ರಕ್ತನಾಳಕ್ಕೆ ಕರುವಿನ ರಕ್ತವನ್ನು ಹರಿಸಿದನು. ರೋಗಿಗೆ ಜ್ವರವೇರಿತು, ಸೊಂಟದಲ್ಲಿ ಅಸಾಧ್ಯವಾದ ನೋವು ಕಾಣಿಸಿಕೊಂಡಿತು, ಮೂತ್ರವು ಮಸಿಯಂತೆ ಕಪ್ಪಾಯಿತು. ಮುಂದೆ ಆತನು ಸತ್ತಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. ವೈದ್ಯನು ದೋಷಮುಕ್ತನಾದನಾದರೂ ಫ್ರಾನ್ಸಿನಲ್ಲಿ ಈ ಚಿಕಿತ್ಸೆಗೆ ನಿಷೇಧ ಬಿತ್ತು. ಲಂಡನ್ನಿನ ಜೇಮ್ಸ್ ಬ್ಲಂಡೆಲ್ ೧೮೧೮ರಲ್ಲಿ ಮನುಷ್ಯನಿಗೆ ಮನುಷ್ಯನ ರಕ್ತವನ್ನೇ ಕೊಟ್ಟು ನೋಡಿದನು. ಮುಂದೆ ಆತನು ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ತಾಯಂದಿರಿಗೂ ಇದೇ ಚಿಕಿತ್ಸೆ ಮಾಡಿದನು. ಕೆಲವರು ಬದುಕಿದರು, ಕೆಲವರು ಸತ್ತರು. ಒಬ್ಬರಿಗೆ ಅಮೃತವಾದುದು ಇನ್ನೊಬ್ಬರಿಗೆ ವಿಷವಾಗುವುದೇಕೆ ಎಂಬುದು ಯಾರಿಗೂ ಬಗೆಹರಿಯಲಿಲ್ಲ.

ಅದನ್ನು ಬಗೆಹರಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ೧೮೬೮ನೆಯ ಜೂನ್ ೧೪ರಂದು ಆಸ್ಟ್ರಿಯಾ ದೇಶದಲ್ಲಿ, ವಿಯೆನ್ನಾ ನಗರದ ಬಳಿ ಜನಿಸಿದನು. ತಂದೆ ಹೆಸರಾಂತ ಪತ್ರಿಕೋದ್ಯಮಿ. ಕಾರ್ಲನು ಆರು ವರ್ಷದ ಬಾಲಕನಾಗಿದ್ದಾಗ ತಂದೆ ತೀರಿಕೊಂಡನು. ತಾಯಿಯ ಆಸರೆಯಲ್ಲಿ ಬೆಳೆದ ಮಗನಿಗೆ ಆಕೆಯ ಮೇಲೆ ಅಪಾರವಾದ ಪ್ರೀತಿ. ೧೮೯೧ರಲ್ಲಿ ವೈದ್ಯ ಪದವಿಯನ್ನು ಪಡೆದ ಆತನು ರೋಗಿಗಳನ್ನು ನೋಡುತ್ತ ಹಣ ಗಳಿಸಬಹುದಾಗಿತ್ತು. ಹಾಗೆ ಮಾಡದೆ ಜರ್ಮನಿ, ಸ್ವಿಟ್ಜರ್‌ಲೆಂಡುಗಳಿಗೆ ಹೋಗಿ ರಸಾಯನಶಾಸ್ತ್ರವನ್ನು ಕಲಿತನು. ಆತನ ಮುಂದಿನ ಸಾಧನೆಗೆಲ್ಲ ಈ ಕಲಿಕೆಯೇ ತಳಹದಿಯೆನ್ನಬಹುದು. ಮರಳಿ ಬಂದು ವಿಯೆನ್ನಾದ ರೋಗವಿಜ್ಞಾನ ಸಂಸ್ಥೆಯಲ್ಲಿ ಸಹಾಯಕನಾದನು. ಅಲ್ಲಿ ಸುಮಾರು ಹತ್ತು ವರ್ಷಗಳಲ್ಲಿ ಆತನು ಮಾಡಿದ ಶವಪರೀಕ್ಷೆಗಳು ೩,೬೦೦ಕ್ಕೂ ಹೆಚ್ಚು.

ಈ ದುಡಿಮೆಯ ನಡುವೆಯೇ ಆತನು ತನ್ನ ಮತ್ತು ಐವರು ಸಹೋದ್ಯೋಗಿಗಳ ರಕ್ತವನ್ನು ತೆಗೆದು, ಕೆಂಪು ಕಣಗಳನ್ನೂ ತಿಳಿಯಾದ ರಕ್ತರಸವನ್ನೂ ಬೇರ್ಪಡಿಸಿದನು. ಒಬ್ಬನ ರಕ್ತರಸದಲ್ಲಿ ಮತ್ತೊಬ್ಬನ ಕಣಗಳನ್ನು ಬೆರೆಸಿ ನೋಡಿದಾಗ ಕೆಲವು ನಳಿಗೆಗಳಲ್ಲಿ ಕಣಗಳು ಗಂಟುಗಂಟಾಗಿ ಕೂಡಿಕೊಂಡವು. ಕೆಲವುಗಳಲ್ಲಿ ಏನೂ ಆಗಲಿಲ್ಲ. ಇಂತಹ ಗಂಟುಗಳನ್ನು ಬೇರೆಯವರೂ ನೋಡಿದ್ದರು. ಅದು ರೋಗದ ಚಿಹ್ನೆಯೆಂದು ತಿಳಿದಿದ್ದರು. ಆದರೆ ಇಲ್ಲಿ ರಕ್ತ ಕೊಟ್ಟವರೆಲ್ಲರೂ ಆರೋಗ್ಯವಂತರು! ಹಾಗಾದರೆ ಈ ಭೇದ ಹುಟ್ಟಿನಿಂದ ಬಂದುದೇ ಇರಬೇಕೆಂದು ಆತನು ತರ್ಕಿಸಿದನು. ೧೯೦೧ರಲ್ಲಿ ಮನುಷ್ಯರ ರಕ್ತವನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಪ್ರಕಟಿಸಿದನು. ಅವನ್ನೇ ನಾವು ಇಂದು ಎ, ಬಿ ಮತ್ತು ಓ ಎನ್ನುತ್ತೇವೆ. ವಿರಳವಾದ ಎಬಿ ಗುಂಪನ್ನು ಮರುವರ್ಷ ಆತನ ಜೊತೆಗಾರರು ಗುರುತಿಸಿದರು.

ಹಳೆಯ ಸಾವುಗಳ ಗುಟ್ಟು ಈಗ ಬಯಲಾಯಿತು. ಎ ಗುಂಪಿನವನ ರಕ್ತರಸದಲ್ಲಿ ಬಿ ಕಣಗಳಿಗೆ ವಿರೋಧಿಯಾದ ವಸ್ತುವಿರುತ್ತದೆ. ಅಂತಹವನಿಗೆ ಬಿ ರಕ್ತವನ್ನು ಕೊಟ್ಟರೆ ಬಂದ ಕಣಗಳು ಗಂಟಾಗುತ್ತವೆ, ಒಡೆದುಹೋಗುತ್ತವೆ. ಒಳಗಿನ ಕೆಂಪು ವಸ್ತು ಹೊರಚೆಲ್ಲಿ ಮೂತ್ರವನ್ನು ಕಪ್ಪಾಗಿಸುತ್ತದೆ. ಮೂತ್ರಪಿಂಡಗಳು ಕೆಡುತ್ತವೆ, ರಕ್ತದ ಒತ್ತಡ ಕುಸಿಯುತ್ತದೆ. ಪ್ಯಾರಿಸಿನ ರೋಗಿಯಲ್ಲಿ ಕಂಡುದು ಇಂತಹ ಲಕ್ಷಣಗಳೇ.

ರಕ್ತಪೂರಣಕ್ಕೂ ಇದು ಸಂಬಂಧಿಸಿದ್ದೆಂದು ಆತನು ಲೇಖನದ ಕೊನೆಯಲ್ಲಿ ಸೂಚಿಸಿದ್ದರೂ ವೈದ್ಯರು ಕೂಡಲೇ ಕಿವಿಗೊಡಲಿಲ್ಲ. ೧೯೦೭ರಲ್ಲಿ ನ್ಯೂಯಾರ್ಕಿನ ರೂಬೆನ್ ಆಟನ್‌ಬರ್ಗ್ ಮೊದಲ ಬಾರಿಗೆ, ರಕ್ತ ಹೊಂದುವುದೇ ಎಂದು ಪರೀಕ್ಷಿಸಿ ರೋಗಿಗೆ ಕೊಟ್ಟನು. ಇಷ್ಟು ಸುಲಭವಾದ ಪರೀಕ್ಷೆ ಎಲ್ಲೆಡೆ ಬಳಕೆಗೆ ಬರಲು ಇನ್ನೂ ಎಷ್ಟೋ ವರ್ಷಗಳು ಬೇಕಾದುದು ವಿಷಾದದ ಸಂಗತಿ.

ಲ್ಯಾಂಡ್‌ಸ್ಟೈನರನಾದರೋ ಅಷ್ಟರಲ್ಲಿ ಬೇರೆ ಸಮಸ್ಯೆಗಳತ್ತ ತಿರುಗಿದ್ದನು. ಪೋಲಿಯೊ ರೋಗವು ಸೂಕ್ಷ್ಮವಾದ ವೈರಸ್ಸಿನಿಂದ ಬರುತ್ತದೆಂದು ಪಾಪರ್ ಎಂಬಾತನೊಡನೆ ತೋರಿಸಿಕೊಟ್ಟನು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಆಸ್ಟ್ರಿಯಾದಲ್ಲಿ ಹಸಿವು ತಾಂಡವವಾಡಿತು. ಹೆಂಡತಿ ಮತ್ತು ಎಳೆಯ ಮಗನೊಡನೆ ಆತನು ೧೯೧೯ರಲ್ಲಿ ದೇಶವನ್ನು ಬಿಟ್ಟು, ಹಾಲೆಂಡಿನ ಹೇಗ್ ನಗರದ ಸಣ್ಣ ಆಸ್ಪತ್ರೆಯೊಂದರಲ್ಲಿ ದಿನನಿತ್ಯದ ರಕ್ತಮೂತ್ರ ಪರೀಕ್ಷೆಗಳನ್ನು ಮಾಡುತ್ತ ಕಾಲ ಕಳೆದನು. ಕೊನೆಗೆ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಆತನನ್ನು ಕರೆಸಿಕೊಂಡಿತು. ನೊಬೆಲ್ ಪಾರಿತೋಷಕ ಬಂದುದು ೧೯೩೦ರಲ್ಲಿ, ರಕ್ತದ ಗುಂಪುಗಳನ್ನು ಕಂಡು ಮೂವತ್ತು ವರ್ಷಗಳು ಸಮೀಪಿಸುತ್ತಿದ್ದಾಗ.

ಆದರೂ ಅಪಾಯ ಪೂರ್ತಿ ನೀಗಿರಲಿಲ್ಲ. ೧೯೩೯ರಲ್ಲಿ ಪ್ರಕಟವಾದ ಒಂದು ಪ್ರಕರಣವನ್ನು ನೋಡಿ: ಗರ್ಭದಲ್ಲೇ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳಿಗೆ ಗಂಡನ ರಕ್ತವನ್ನೇ ಕೊಡಲಾಯಿತು. ಇಬ್ಬರದೂ ಓ ಗುಂಪು. ಆದರೂ ಆಕೆಗೆ ತೀವ್ರವಾದ ಬಾಧೆಯಾಯಿತು. ಮರುವರ್ಷ ಎಪ್ಪತ್ತು ದಾಟಿದ್ದ ಲ್ಯಾಂಡ್‌ಸ್ಟೈನರನು ಅಲೆಗ್ಸಾಂಡರ್ ವೀನರನೊಡನೆ ರೀಸಸ್ ಜಾತಿಯ ಕೋತಿಯ ರಕ್ತದ ನೆರವಿನಿಂದ ಇನ್ನೊಂದು ಭೇದವನ್ನು ಕಂಡುಹಿಡಿದನು. ಅದೇ ಆರ್‌ಎಚ್ ಅಂಶ. ಗುಂಪಿನ ಹೆಸರಿನ ಮುಂದೆ ನಾವು ಪಾಸಿಟಿವ್, ನೆಗೆಟಿವ್ ಎಂದು ಸೇರಿಸುವುದು ಇದರಿಂದಲೇ. ರಕ್ತದ ಮೂಲಕ ಹರಡುವ ಕಾಮಾಲೆ, ಏಡ್ಸ್ ಮುಂತಾದ ರೋಗಗಳ ಪರೀಕ್ಷೆ ಬಂದುದು ಆತನ ಕಾಲದ ಅನಂತರ.

ನಿವೃತ್ತನಾದ ಮೇಲೂ ಆತನು ಪ್ರಯೋಗಾಲಯಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ. ೧೯೪೩ನೆಯ ಜೂನ್ ೨೪ರಂದು, ಹೀರುನಳಿಗೆಯನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದಾಗಲೇ ಆತನಿಗೆ ಹೃದಯಾಘಾತವಾಯಿತು. ಎರಡು ದಿನಗಳ ಬಳಿಕ, ತನ್ನ ಸಂಸ್ಥೆಯ ಆಸ್ಪತ್ರೆಯಲ್ಲಿಯೇ ಆತನು ಕೊನೆಯುಸಿರೆಳೆದನು.