ಅಳತೆಗೋಲಿಗೆ ನಿಲುಕದ ಆಟಗಾರ: ಪ್ಯಾಟ್ ಟಿಲ್‌ಮನ್

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ 1998ರ ಏಪ್ರಿಲ್‌ನಲ್ಲಿ ತನ್ನ ವಾರ್ಷಿಕ ಡ್ರಾಫ್ಟ್ ನಡೆಸಿದಾಗ ಒಟ್ಟು 241 ಮಂದಿ ಆಟಗಾರರಿಗೆ ವೃತ್ತಿಪರ ತಂಡಗಳಿಂದ ಕರೆ ಬಂದಿತು. ಪಟ್ಟಿಯ ಮೊದಲ ಹೆಸರು ಪೇಟನ್ ಮ್ಯಾನಿಂಗ್. ಏಳನೆಯ ಹಾಗೂ ಕೊನೆಯ ಸುತ್ತಿನಲ್ಲಿ, 226ನೆಯವನಾಗಿ ಅರಿಜೋನಾ ಕಾರ್ಡಿನಲ್ಸ್ ತಂಡ ಕರೆದದ್ದು ಪ್ಯಾಟ್ರಿಕ್ ಡೇನಿಯಲ್ ಟಿಲ್‌ಮನ್ ಎಂಬ 21ರ ಯುವಕನನ್ನು. ಹಿಂದಿನ ಋತುವಿನಲ್ಲಷ್ಟೇ ಪಶ್ಚಿಮ ಕರಾವಳಿಯ ಹತ್ತು ವಿಶ್ವವಿದ್ಯಾಲಯಗಳ ಪ್ಯಾಕ್-10 ಒಕ್ಕೂಟದ ಶ್ರೇಷ್ಠ ರಕ್ಷಣಾ ಆಟಗಾರನೆಂಬ ಗೌರವ ಪಡೆದಿದ್ದವನು ಈತ. ಆದರೂ 225 ಹೆಸರುಗಳು ಮುಗಿಯುವವರೆಗೆ ಕಾಯಬೇಕಾಯಿತು. ಕಾರಣ ಒಂದೇ: ಲೈನ್‌ಬ್ಯಾಕರ್ ಸ್ಥಾನಕ್ಕೆ ಆತನ ದೇಹ ಚಿಕ್ಕದು ಎಂಬುದು ಪರಿಣತರ ಒಮ್ಮತದ ತೀರ್ಮಾನವಾಗಿತ್ತು.

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಪರಿಚಿತವಾದ ಕಾಲ್ಚೆಂಡಾಟವಲ್ಲ. ಇಲ್ಲಿ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಚೆಂಡು ಪಡೆದ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುನ್ನಡೆಯಬೇಕು. ಎದುರು ತಂಡದ ಹನ್ನೊಂದು ಮಂದಿ ಅದನ್ನು ತಡೆಯಬೇಕು. ಮುಂಚೂಣಿಯಲ್ಲಿ ಭಾರಿ ದೇಹದವರ ಗೋಡೆಯಿರುತ್ತದೆ. ಅದರ ಬೆನ್ನಿಗೆ ನಿಲ್ಲುವವನೇ ಲೈನ್‌ಬ್ಯಾಕರ್. ಗೋಡೆಯನ್ನು ಸೀಳಿಕೊಂಡು ಬರುವ ಓಟಗಾರನನ್ನು ಕೆಡವುವುದು, ಎಸೆತವನ್ನು ಮೊದಲೇ ಊಹಿಸಿ ಹಿಂದೆ ಸರಿಯುವುದು, ಅವಕಾಶ ಕಂಡಾಗ ನುಗ್ಗುವುದು ಈತನ ಹೊಣೆ. ವೃತ್ತಿಪರ ಆಟದಲ್ಲಿ ಈ ಸ್ಥಾನಕ್ಕೆ 230ರಿಂದ 250 ಪೌಂಡ್, ಅಂದರೆ ನೂರು ಕಿಲೋಗೂ ಮೀರಿದ ತೂಕವನ್ನು ನಿರೀಕ್ಷಿಸಲಾಗುತ್ತಿತ್ತು. ಟಿಲ್‌ಮನ್‌ನ ಎತ್ತರ 5 ಅಡಿ 11 ಅಂಗುಲ, ತೂಕ ಸುಮಾರು 200 ಪೌಂಡ್.

ಗಣಿಯೂರಿನ ಬಾಲ್ಯ

ಟಿಲ್‌ಮನ್ ಜನಿಸಿದ್ದು 1976ರ ನವೆಂಬರ್ 6ರಂದು, ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಹೋಸೆ ನಗರದ ಅಂಚಿನಲ್ಲಿರುವ ನ್ಯೂ ಆಲ್ಮಡೆನ್ ಎಂಬ ಪುಟ್ಟ ಊರಿನಲ್ಲಿ ಆತ ಬೆಳೆದ. ಒಂದು ಕಾಲಕ್ಕೆ ಪಾದರಸದ ಗಣಿಗಳಿಗೆ ಹೆಸರಾಗಿದ್ದ ಆ ಊರಿನ ಸುತ್ತ ಬೆಟ್ಟ, ಕಣಿವೆ, ತೊರೆಗಳಿವೆ. ತಂದೆ ವಕೀಲರು, ತಾಯಿ ಶಿಕ್ಷಕಿ. ಮೂವರು ಗಂಡುಮಕ್ಕಳಲ್ಲಿ ಪ್ಯಾಟ್ ಹಿರಿಯವನು. ಕೆವಿನ್ ಮತ್ತು ರಿಚರ್ಡ್ ತಮ್ಮಂದಿರು.

ಲೆಲ್ಯಾಂಡ್ ಪ್ರೌಢಶಾಲೆಗೆ ಸೇರಿದಾಗ ಆತನ ಒಲವಿದ್ದುದು ಬೇಸ್‌ಬಾಲ್ ಕಡೆಗೆ. ಶಾಲೆಯ ಮುಖ್ಯ ತಂಡದಲ್ಲಿ ಸ್ಥಾನ ಸಿಗದೇ ಹೋದಾಗ ಫುಟ್‌ಬಾಲ್‌ನತ್ತ ಹೊರಳಿದ. ಕೆಲವೇ ವರ್ಷಗಳಲ್ಲಿ ಶಾಲೆಯನ್ನು ವಲಯ ಮಟ್ಟದ ಪ್ರಶಸ್ತಿಯತ್ತ ಕೊಂಡೊಯ್ದವರ ಸಾಲಿನಲ್ಲಿ ಆತನ ಹೆಸರೇ ಮುಂದಿತ್ತು. ಹಾಗಿದ್ದರೂ ದೊಡ್ಡ ವಿಶ್ವವಿದ್ಯಾಲಯಗಳು ಆತನಿಗಾಗಿ ಮುಗಿಬೀಳಲಿಲ್ಲ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ 1994ರ ಸಾಲಿನಲ್ಲಿ ತನ್ನ ಬಳಿ ಉಳಿದಿದ್ದ ಕೊನೆಯ ಕ್ರೀಡಾ ವಿದ್ಯಾರ್ಥಿವೇತನವನ್ನು ಈತನಿಗೆ ನೀಡಿತು.

ಆ ಅವಕಾಶವೂ ಕೈಜಾರುವ ಸಂದರ್ಭ ಒದಗಿತ್ತು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ, ಪಿಜ್ಜಾ ಅಂಗಡಿಯೊಂದರ ಹೊರಗೆ ನಡೆದ ಹೊಡೆದಾಟದಲ್ಲಿ ಗೆಳೆಯನನ್ನು ರಕ್ಷಿಸುವೆನೆಂದು ನುಗ್ಗಿದ ಟಿಲ್‌ಮನ್, ಸಂಬಂಧವೇ ಇಲ್ಲದ ಯುವಕನೊಬ್ಬನನ್ನು ತೀವ್ರವಾಗಿ ಥಳಿಸಿದ. ಪ್ರಕರಣ ಬಾಲ ನ್ಯಾಯಾಲಯದ ಮೆಟ್ಟಿಲೇರಿತು. 1994ರ ಬೇಸಿಗೆಯಲ್ಲಿ ಆತ 30 ದಿನಗಳನ್ನು ಬಾಲಾಪರಾಧಿಗಳ ಬಂಧನ ಕೇಂದ್ರದಲ್ಲಿ ಕಳೆಯಬೇಕಾಯಿತು. ವಿದ್ಯಾರ್ಥಿವೇತನ ರದ್ದಾಗದೆ ಉಳಿದದ್ದು ಆತನ ಅದೃಷ್ಟ. ಈ ಘಟನೆಯನ್ನು ಮರೆಮಾಚುವ ಗೋಜಿಗೆ ಆತ ಹೋಗಲಿಲ್ಲ. ಬದುಕಿನ ದೊಡ್ಡ ಪಾಠ ತನಗೆ ದೊರೆತದ್ದು ಅಲ್ಲಿಯೇ ಎಂದು ಮುಂದೆ ತಾನಾಗಿಯೇ ಹೇಳಿಕೊಂಡ.

ಟೆಂಪೆಯ ನಾಲ್ಕು ವರ್ಷ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹೊಸಬರನ್ನು ಮೊದಲ ವರ್ಷ ಪಂದ್ಯಕ್ಕಿಳಿಸದೆ ಅಭ್ಯಾಸದಲ್ಲಷ್ಟೇ ಉಳಿಸಿಕೊಳ್ಳುವ ರೂಢಿಯಿದೆ. ದೇಹ ಬಲಿಯಲೆಂಬುದು ಉದ್ದೇಶ. ಹೀಗೆ ಕಾದವರು ನಾಲ್ಕರ ಬದಲು ಐದು ವರ್ಷ ಕಾಲೇಜಿನಲ್ಲಿ ಉಳಿಯುತ್ತಾರೆ. ಟೆಂಪೆ ನಗರದ ವಿಶ್ವವಿದ್ಯಾಲಯದಲ್ಲಿ ತರಬೇತುದಾರ ಬ್ರೂಸ್ ಸ್ನೈಡರ್ ಈ ದಾರಿಯನ್ನೇ ಸೂಚಿಸಿದಾಗ ಟಿಲ್‌ಮನ್ ಒಪ್ಪಲಿಲ್ಲ. ನಾಲ್ಕು ವರ್ಷಗಳಲ್ಲಿ ಪದವಿ ಮುಗಿಸಿ ತಾನು ಹೊರಡುವವನು, ಅಷ್ಟರೊಳಗೆ ತನ್ನನ್ನು ಹೇಗೆ ಬೇಕಾದರೂ ಬಳಸಿಕೊಳ್ಳಬಹುದು ಎಂಬುದು ಆತನ ನಿಲುವು. ಕೊನೆಯ ವಿದ್ಯಾರ್ಥಿವೇತನ ಪಡೆದು ಬಂದ ಹುಡುಗನೊಬ್ಬ ಹೀಗೆ ಷರತ್ತು ಹಾಕಿದ್ದು ತಂಡಕ್ಕೆ ಅಚ್ಚರಿಯ ಸಂಗತಿಯೇ ಸರಿ.

ಆತ ಅದೇ ವರ್ಷ ಆಡಿದ. ಮೊದಲು ವಿಶೇಷ ಸಂದರ್ಭಗಳ ತುಕಡಿಗಳಲ್ಲಿ, ಬಳಿಕ ಲೈನ್‌ಬ್ಯಾಕರ್ ಆಗಿ. ಎದುರಾಳಿ ಯಾವ ಕಡೆ ಹೊರಡುವನೆಂಬುದನ್ನು ಕ್ಷಣ ಮೊದಲೇ ಗ್ರಹಿಸುವುದು ಆತನ ಶಕ್ತಿ. ಗ್ರಹಿಸಿದ ಬಳಿಕ ಹಿಂಜರಿಕೆಯಿಲ್ಲದೆ ಡಿಕ್ಕಿ ಹೊಡೆಯುವುದು ಆತನ ರೀತಿ. ತೂಕದ ಕೊರತೆಯನ್ನು ಈ ಎರಡು ಗುಣಗಳು ತುಂಬಿಕೊಟ್ಟವು.

1996ರ ಋತು ಅರಿಜೋನಾ ಸ್ಟೇಟ್‌ನ ಪಾಲಿಗೆ ಸ್ಮರಣೀಯ. ಸೆಪ್ಟೆಂಬರ್ 21ರಂದು ಸನ್ ಡೆವಿಲ್ ಕ್ರೀಡಾಂಗಣಕ್ಕೆ ಬಂದ ನೆಬ್ರಾಸ್ಕ ತಂಡ ಸತತ ಎರಡು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. 26 ಪಂದ್ಯಗಳಿಂದ ಸೋಲನ್ನೇ ಕಂಡಿರಲಿಲ್ಲ. ಟಿಲ್‌ಮನ್ ಇದ್ದ ರಕ್ಷಣಾ ಪಡೆ ಆ ತಂಡಕ್ಕೆ ಒಂದೂ ಅಂಕ ಬಿಟ್ಟುಕೊಡಲಿಲ್ಲ. ಅರಿಜೋನಾ ಸ್ಟೇಟ್ 19-0ರಿಂದ ಗೆದ್ದಿತು. ಜೇಕ್ ಪ್ಲಮರ್ ಮುಂದಾಳತ್ವದ ತಂಡ ಋತುವಿನ 11 ಪಂದ್ಯಗಳನ್ನೂ ಗೆದ್ದು 1997ರ ಜನವರಿ 1ರಂದು ಪ್ರತಿಷ್ಠಿತ ರೋಸ್ ಬೌಲ್ ಪಂದ್ಯಕ್ಕಿಳಿಯಿತು. ಅಲ್ಲಿ ಆಟ ಮುಗಿಯಲು 19 ಸೆಕೆಂಡುಗಳಿರುವಾಗ ಓಹಾಯೊ ಸ್ಟೇಟ್ ಅಂಕ ಗಳಿಸಿತು. 17-20ರ ಸೋಲಿನೊಂದಿಗೆ ರಾಷ್ಟ್ರೀಯ ಪಟ್ಟದ ಕನಸು ಕರಗಿತು.

ಮರುವರ್ಷ ಪ್ಯಾಕ್-10ರ ಶ್ರೇಷ್ಠ ರಕ್ಷಣಾ ಆಟಗಾರನ ಪ್ರಶಸ್ತಿ ಟಿಲ್‌ಮನ್‌ಗೆ ಸಂದಿತು. ಓದಿನಲ್ಲಿಯೂ ಆತ ಹಿಂದುಳಿಯಲಿಲ್ಲ. ಮಾರ್ಕೆಟಿಂಗ್ ಪದವಿಯನ್ನು ಮೂರೂವರೆ ವರ್ಷಗಳಲ್ಲಿಯೇ, ಉನ್ನತ ಶ್ರೇಣಿಯಲ್ಲಿ ಪೂರೈಸಿದ. ಕ್ರೀಡಾಂಗಣದ ಸುಮಾರು 200 ಅಡಿ ಎತ್ತರದ ದೀಪಸ್ತಂಭವನ್ನೇರಿ ಅಲ್ಲಿ ಏಕಾಂತದಲ್ಲಿ ಕುಳಿತು ಯೋಚಿಸುವುದು ಆತನ ಹವ್ಯಾಸವಾಗಿತ್ತು.

ಸ್ಥಾನ ಬದಲು, ಮೈದಾನ ಅದೇ

ಕಾಲೇಜಿನಿಂದ ವೃತ್ತಿಪರ ಆಟಕ್ಕೆ ದಾಟುವ ಸೇತುವೆಯೇ ಡ್ರಾಫ್ಟ್. ಅದಕ್ಕೆ ಮುನ್ನ ಆಟಗಾರರ ಎತ್ತರ, ತೂಕ, 40 ಗಜ ಓಡಲು ತಗಲುವ ಸಮಯ, ನಿಂತಲ್ಲಿಂದ ನೆಗೆಯುವ ಎತ್ತರ ಎಲ್ಲವನ್ನೂ ಅಳೆದು ದಾಖಲಿಸಲಾಗುತ್ತದೆ. ಈ ಅಳತೆಗಳು ಸುಳ್ಳಲ್ಲ. ಆದರೆ ಅವು ಪೂರ್ಣ ಸತ್ಯವನ್ನೂ ಹೇಳಲಾರವು. ಅದೇ 1998ರಲ್ಲಿ ಎರಡನೆಯವನಾಗಿ ಆಯ್ಕೆಯಾದ ರಯಾನ್ ಲೀಫ್, ಅಳತೆಗಳ ಪ್ರಕಾರ ಭಾವಿ ತಾರೆ. ಕೆಲವೇ ವರ್ಷಗಳಲ್ಲಿ ಆತನ ವೃತ್ತಿಜೀವನ ಮುಗಿದುಹೋಯಿತು.

ಟಿಲ್‌ಮನ್‌ಗೆ ಕರೆ ನೀಡಿದ ಕಾರ್ಡಿನಲ್ಸ್ ಆಗ ತನ್ನ ತವರು ಪಂದ್ಯಗಳನ್ನು ಟೆಂಪೆಯ ಸನ್ ಡೆವಿಲ್ ಕ್ರೀಡಾಂಗಣದಲ್ಲಿಯೇ ಆಡುತ್ತಿತ್ತು. ಊರು ಬದಲಾಗಲಿಲ್ಲ, ಮೈದಾನವೂ ಬದಲಾಗಲಿಲ್ಲ; ಬದಲಾದದ್ದು ಆಟದ ಸ್ಥಾನ. ಲೈನ್‌ಬ್ಯಾಕರ್ ಆಗಲು ತೂಕ ಸಾಲದೆಂದು ಆತನನ್ನು ಸೇಫ್ಟಿ ಸ್ಥಾನಕ್ಕೆ ಸರಿಸಲಾಯಿತು. ಸೇಫ್ಟಿ ಎಂದರೆ ರಕ್ಷಣೆಯ ಕಟ್ಟಕಡೆಯ ಕಾವಲುಗಾರ. ಎಸೆತ ಹಿಡಿಯಲು ಶರವೇಗದಲ್ಲಿ ಓಡುವವರನ್ನು ಬೆನ್ನಟ್ಟಬೇಕು. ಆತ ತಪ್ಪಿದರೆ ಹಿಂದೆ ಇನ್ನಾರೂ ಇಲ್ಲ. ಲೈನ್‌ಬ್ಯಾಕರ್‌ಗೆ ತೂಕ ಕಡಿಮೆ ಎಂದವರೇ ಸೇಫ್ಟಿಗೆ ವೇಗ ಕಡಿಮೆ ಎಂದೂ ಶಂಕಿಸಿದರು.

ಸೈಕಲ್ ತುಳಿದುಕೊಂಡು ಅಭ್ಯಾಸಕ್ಕೆ ಬರುತ್ತಿದ್ದ ಈ ಹೊಸಬ ಮೊದಲ ವರ್ಷವೇ 16ರ ಪೈಕಿ 10 ಪಂದ್ಯಗಳಲ್ಲಿ ಆರಂಭಿಕ ಆಟಗಾರನಾದ. ಆ ಋತುವಿನ ಕೊನೆಗೆ, 1999ರ ಜನವರಿಯಲ್ಲಿ ಕಾರ್ಡಿನಲ್ಸ್ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಮಣಿಸಿತು. 1947ರ ತರುವಾಯ ನಾಕೌಟ್ ಹಂತದಲ್ಲಿ ತಂಡಕ್ಕೆ ಲಭಿಸಿದ ಮೊದಲ ಜಯವದು. 2000ನೇ ಇಸವಿಯಲ್ಲಿ ತಂಡದ ಲೆಕ್ಕದಂತೆ 224 ಟ್ಯಾಕಲ್‌ಗಳನ್ನು ಮಾಡಿ ಟಿಲ್‌ಮನ್ ಕಾರ್ಡಿನಲ್ಸ್ ದಾಖಲೆಯನ್ನು ಬರೆದ. ಹಿರಿಯ ಕ್ರೀಡಾ ಬರಹಗಾರ ಪಾಲ್ ಝಿಮ್ಮರ್‌ಮನ್ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಗಾಗಿ ಆರಿಸಿದ ವರ್ಷದ ಶ್ರೇಷ್ಠರ ತಂಡದಲ್ಲಿ ಆತನಿಗೆ ಸ್ಥಾನ ದೊರೆಯಿತು. ಡ್ರಾಫ್ಟ್ ಪಟ್ಟಿಯ ಅಂಚಿನಲ್ಲಿದ್ದವನು ಎರಡೇ ವರ್ಷಗಳಲ್ಲಿ ಲೀಗ್‌ನ ಅಗ್ರಗಣ್ಯರ ಸಾಲಿಗೆ ಬಂದಿದ್ದ.

ಹಣದ ಲೆಕ್ಕ, ಮನದ ಲೆಕ್ಕ

ಹೆಸರಿನ ಬೆನ್ನಿಗೆ ಹಣವೂ ಬಂದಿತು. ಸೇಂಟ್ ಲೂಯಿ ರ‍್ಯಾಮ್ಸ್ ತಂಡ 2000ದ ಜನವರಿಯಲ್ಲಷ್ಟೇ ಸೂಪರ್ ಬೌಲ್ ಗೆದ್ದು ಮೆರೆಯುತ್ತಿತ್ತು. 2001ರಲ್ಲಿ ಅದು ಟಿಲ್‌ಮನ್ ಮುಂದೆ ಐದು ವರ್ಷಗಳಿಗೆ 90 ಲಕ್ಷ ಡಾಲರ್‌ಗಳ ಒಪ್ಪಂದವನ್ನಿಟ್ಟಿತು. ಆತ ಅದನ್ನು ನಿರಾಕರಿಸಿ, ಒಂದು ವರ್ಷಕ್ಕೆ 5 ಲಕ್ಷ 12 ಸಾವಿರ ಡಾಲರ್ ಪಡೆದು ಕಾರ್ಡಿನಲ್ಸ್‌ನಲ್ಲಿಯೇ ಉಳಿದ. ಯಾರಿಗೂ ಬೇಡವಾಗಿದ್ದಾಗ ತನ್ನನ್ನು ಕರೆದ ತಂಡವೆಂಬ ಋಣಭಾವ ಆ ನಿರ್ಧಾರದ ಹಿಂದಿತ್ತು. ಸೋಲುತ್ತಿದ್ದ ತಂಡಕ್ಕಾಗಿ ಗೆಲ್ಲುವ ತಂಡದ ಹಣವನ್ನು ತೊರೆದ ಆಟಗಾರನನ್ನು ಕಂಡು ವೃತ್ತಿಪರ ಕ್ರೀಡಾಲೋಕ ಬೆರಗಾಯಿತು.

ಅದೇ ವರ್ಷದ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಮೇಲೆ ಭಯೋತ್ಪಾದಕ ದಾಳಿ ನಡೆಯಿತು. ತನ್ನ ವಂಶದಲ್ಲಿ ಅನೇಕರು ಯುದ್ಧಗಳಲ್ಲಿ ಹೋರಾಡಿದ್ದರು, ತಾನು ಮಾತ್ರ ಆಟವಾಡುತ್ತಿದ್ದೇನೆ ಎಂಬ ಅಳುಕನ್ನು ಟಿಲ್‌ಮನ್ ಮರುದಿನವೇ ವ್ಯಕ್ತಪಡಿಸಿದ. ಋತುವನ್ನು ಪೂರೈಸಿದ. 2002ರ ಮೇ ತಿಂಗಳಲ್ಲಿ ಬಾಲ್ಯದ ಗೆಳತಿ ಮರಿಯನ್ನು ವಿವಾಹವಾದ. ಮೂರು ವರ್ಷಗಳಿಗೆ 36 ಲಕ್ಷ ಡಾಲರ್‌ಗಳ ಹೊಸ ಒಪ್ಪಂದವನ್ನು ಕಾರ್ಡಿನಲ್ಸ್ ಮುಂದಿಟ್ಟಿತ್ತು. ಆತ ಅದನ್ನು ಬದಿಗಿರಿಸಿ ತಮ್ಮ ಕೆವಿನ್‌ನೊಡನೆ ಸಾಮಾನ್ಯ ಸೈನಿಕನಾಗಿ ಭೂಸೇನೆಗೆ ಸೇರಿದ. ಕೆವಿನ್ ಸಹ ಬೇಸ್‌ಬಾಲ್‌ನಲ್ಲಿ ತನ್ನ ವೃತ್ತಿಯನ್ನು ತೊರೆದೇ ಬಂದಿದ್ದ. ಈ ಕುರಿತು ಸಂದರ್ಶನ ನೀಡಲು ಸಹೋದರರಿಬ್ಬರೂ ಒಪ್ಪಲಿಲ್ಲ. ಉಳಿದ ಸೈನಿಕರಿಗಿಂತ ತಮ್ಮನ್ನು ಬೇರೆಯಾಗಿ ಕಾಣಬಾರದೆಂಬುದು ಅವರ ಅಪೇಕ್ಷೆ. ನಾಲ್ಕು ಋತುಗಳು, 60 ಪಂದ್ಯಗಳಿಗೆ ಟಿಲ್‌ಮನ್‌ನ ವೃತ್ತಿಪರ ಆಟ ಮುಗಿಯಿತು.

ರೇಂಜರ್ ಪಡೆಗೆ ಆಯ್ಕೆಯಾದ ಸಹೋದರರನ್ನು 2003ರಲ್ಲಿ ಇರಾಕಿಗೆ ಕಳುಹಿಸಲಾಯಿತು. ಆ ಯುದ್ಧದ ನ್ಯಾಯಬದ್ಧತೆಯ ಬಗೆಗೆ ಟಿಲ್‌ಮನ್‌ಗೆ ತೀವ್ರ ಸಂಶಯಗಳಿದ್ದುವೆಂದು ಆಪ್ತರು ಮುಂದೆ ತಿಳಿಸಿದರು. ಸೇನೆಯಿಂದ ಅವಧಿಗೆ ಮುನ್ನ ಬಿಡುಗಡೆ ಪಡೆದು ಮೈದಾನಕ್ಕೆ ಮರಳುವ ಅವಕಾಶ ಒದಗಿದಾಗಲೂ, ಮೂರು ವರ್ಷಗಳ ಮಾತು ಕೊಟ್ಟಿರುವೆನೆಂದು ಆತ ಉಳಿದ.

ಮುಚ್ಚಿಟ್ಟ ಸತ್ಯ

2004ರ ಏಪ್ರಿಲ್ 22ರಂದು ಆಫ್ಘಾನಿಸ್ತಾನದ ಖೋಸ್ತ್ ಪ್ರಾಂತ್ಯದಲ್ಲಿ, ಪಾಕಿಸ್ತಾನದ ಗಡಿಯ ಸಮೀಪ ಟಿಲ್‌ಮನ್ ಗುಂಡಿಗೆ ಬಲಿಯಾದ. ಆಗ ಆತನಿಗೆ 27 ವರ್ಷ. ಶತ್ರುಗಳ ಹೊಂಚುದಾಳಿಯಲ್ಲಿ ವೀರಮರಣವೆಂದು ಸೇನೆ ಸಾರಿತು. ಸಿಲ್ವರ್ ಸ್ಟಾರ್ ಪದಕ ಘೋಷಣೆಯಾಯಿತು. ಮೇ 3ರಂದು ಸ್ಯಾನ್ ಹೋಸೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯನ್ನು ದೇಶವೇ ದೂರದರ್ಶನದಲ್ಲಿ ವೀಕ್ಷಿಸಿತು.

ವಾಸ್ತವ ಬೇರೆಯೇ ಇತ್ತು. ಕೆಟ್ಟುಹೋದ ವಾಹನವೊಂದರ ದೆಸೆಯಿಂದ ತುಕಡಿ ಎರಡಾಗಿ ಹರಿದಿತ್ತು. ಹಿಂದಿನಿಂದ ಬರುತ್ತಿದ್ದ ಗುಂಪು ಕಣಿವೆಯಲ್ಲಿ ದಾಳಿಗೆ ಸಿಲುಕಿದ ಸದ್ದು ಕೇಳಿ, ಮುಂದೆ ಹೋಗಿದ್ದ ಟಿಲ್‌ಮನ್ ನೆರವಿಗೆಂದು ದಿಬ್ಬವೇರಿದ. ಕಣಿವೆಯಿಂದ ಹೊರಬಂದ ಸ್ವಂತ ಪಡೆಯವರೇ ಶತ್ರುವೆಂದು ತಪ್ಪಾಗಿ ಭಾವಿಸಿ ಗುಂಡು ಹಾರಿಸಿದರು. ಆತನ ಪಕ್ಕದಲ್ಲಿದ್ದ ಆಫ್ಘನ್ ಸೈನಿಕನೂ ಅಸುನೀಗಿದ. ಆತನ ಸಮವಸ್ತ್ರ, ರಕ್ಷಾಕವಚ, ಟಿಪ್ಪಣಿ ಪುಸ್ತಕಗಳನ್ನು ಸುಟ್ಟುಹಾಕಲಾಯಿತು. ಅದೇ ತುಕಡಿಯಲ್ಲಿದ್ದ ಕೆವಿನ್‌ಗೂ ನಿಜವನ್ನು ತಿಳಿಸಲಿಲ್ಲ. ಸ್ವಪಕ್ಷದ ಗುಂಡಿನ ಸಾಧ್ಯತೆಯನ್ನು ಹಿರಿಯ ಅಧಿಕಾರಿ ಸ್ಟ್ಯಾನ್ಲಿ ಮೆಕ್‌ಕ್ರಿಸ್ಟಲ್ ಏಪ್ರಿಲ್ 29ರಷ್ಟು ಹಿಂದೆಯೇ ಮೇಲಧಿಕಾರಿಗಳ ಗಮನಕ್ಕೆ ತಂದಿದ್ದರು. ಅಧ್ಯಕ್ಷರು ಅರಿಯದೆ ಏನಾದರೂ ಮಾತನಾಡಿ ಮುಜುಗರಕ್ಕೆ ಒಳಗಾದಾರೆಂಬ ಎಚ್ಚರಿಕೆ ಅದರಲ್ಲಿತ್ತು. ಕುಟುಂಬಕ್ಕೆ ಸತ್ಯ ತಲುಪಿದ್ದು ಮಾತ್ರ ಸುಮಾರು ಐದು ವಾರಗಳ ನಂತರ.

ತಾಯಿ ಮೇರಿ ಟಿಲ್‌ಮನ್ ಸುಮ್ಮನಾಗಲಿಲ್ಲ. ಸಾವಿರಾರು ಪುಟಗಳ ದಾಖಲೆಗಳನ್ನು ಶೋಧಿಸಿ, ಒಂದರ ಮೇಲೊಂದು ತನಿಖೆಗೆ ಒತ್ತಾಯಿಸಿದರು. 2007ರ ಏಪ್ರಿಲ್‌ನಲ್ಲಿ ಅವರೂ ಕೆವಿನ್ ಕೂಡ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯೆದುರು ಸಾಕ್ಷ್ಯ ನುಡಿದರು. ಜುಲೈನಲ್ಲಿ ನಿವೃತ್ತ ಲೆಫ್ಟಿನೆಂಟ್ ಜನರಲ್ ಫಿಲಿಪ್ ಕೆನ್ಸಿಂಗರ್ ಅವರಿಗೆ ಸೇನೆ ಛೀಮಾರಿ ಹಾಕಿತು. ಗುಂಡು ಹಾರಿಸಿದ್ದು ಅಪರಾಧವಲ್ಲ, ಆಕಸ್ಮಿಕವೆಂದು ತನಿಖೆ ತೀರ್ಮಾನಿಸಿತು. ನಿಜವನ್ನು ಮರೆಮಾಚಿದ ಹೊಣೆ ಯಾರದೆಂಬ ಪ್ರಶ್ನೆಗೆ ಕುಟುಂಬಕ್ಕೆ ತೃಪ್ತಿಯಾಗುವ ಉತ್ತರ ಸಿಗಲಿಲ್ಲ.

ಟಿಲ್‌ಮನ್ ಕಾಲೇಜಿನಲ್ಲಿ ತೊಟ್ಟ 42 ಹಾಗೂ ಕಾರ್ಡಿನಲ್ಸ್‌ನಲ್ಲಿ ತೊಟ್ಟ 40 ಸಂಖ್ಯೆಯ ಅಂಗಿಗಳನ್ನು ಆ ತಂಡಗಳು ಬೇರಾರಿಗೂ ನೀಡದಿರಲು ನಿರ್ಧರಿಸಿದವು. ಪ್ಯಾಕ್-10 ಒಕ್ಕೂಟ ತನ್ನ ಶ್ರೇಷ್ಠ ರಕ್ಷಣಾ ಆಟಗಾರನ ಪ್ರಶಸ್ತಿಗೆ ಆತನ ಹೆಸರಿಟ್ಟಿತು. 2010ರಲ್ಲಿ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆತನನ್ನು ಸೇರಿಸಲಾಯಿತು. ಆತನ ಹೆಸರಿನ ಪ್ರತಿಷ್ಠಾನ ನೂರಾರು ಸೈನಿಕರಿಗೂ ಅವರ ಬಾಳಸಂಗಾತಿಗಳಿಗೂ ಉನ್ನತ ಶಿಕ್ಷಣಕ್ಕಾಗಿ ನೆರವು ನೀಡಿದೆ. 2005ರಿಂದ ಟೆಂಪೆಯಲ್ಲಿ ನಡೆಯುತ್ತ ಬಂದಿರುವ ಸ್ಮರಣಾರ್ಥ ಓಟದ ದೂರ, ಕಾಲೇಜಿನ ಅಂಗಿಯ ಸಂಖ್ಯೆಯ ನೆನಪಿಗೆ, 4.2 ಮೈಲಿ.

ಮೈದಾನದಲ್ಲಿ ಆತನನ್ನು ಅಳೆದವರು ಇರುವುದಕ್ಕಿಂತ ಚಿಕ್ಕವನನ್ನಾಗಿ ಕಂಡರು. ಮರಣಾನಂತರ ಅಳೆದವರು ತಮಗೆ ಬೇಕಾದ ಆಕಾರದ ವೀರನನ್ನಾಗಿ ಕಟ್ಟಲು ಹೊರಟರು. ಮೊದಲ ತಪ್ಪನ್ನು ಟಿಲ್‌ಮನ್ ತನ್ನ ಆಟದಿಂದಲೇ ತಿದ್ದಿದ. ಎರಡನೆಯದನ್ನು ತಿದ್ದುವ ಕೆಲಸ ಆತನ ತಾಯಿಯ ಪಾಲಿಗೆ ಬಂದಿತು. ಅದಕ್ಕೆ ಮೂರು ವರ್ಷಗಳೇ ಹಿಡಿದವು.