ಅಹ್ಮದ್ ಖಾನ್ (ಫುಟ್‌ಬಾಲ್ ಆಟಗಾರ)

ಅಹ್ಮದ್ ಮೊಹಮ್ಮದ್ ಖಾನ್ (ಡಿಸೆಂಬರ್ 24, 1926 – ಆಗಸ್ಟ್ 27, 2017) ಬೆಂಗಳೂರಿನಲ್ಲಿ ಜನಿಸಿದ ಭಾರತೀಯ ಫುಟ್‌ಬಾಲ್ ಆಟಗಾರರು. ಒಳ ಎಡ ಮುನ್ನಡೆ ಆಟಗಾರರಾಗಿದ್ದ ಇವರು 1948ರ ಲಂಡನ್ ಹಾಗೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. 1951ರಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ತಂಡದ ಸದಸ್ಯರಾಗಿದ್ದರು. ಬೆಂಗಳೂರು ಮುಸ್ಲಿಮ್ಸ್ ಕ್ಲಬ್ಬಿನಿಂದ ಹೆಸರು ಪಡೆದು, 1949ರಿಂದ 1959ರವರೆಗೆ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಪರವಾಗಿ ಆಡಿದರು. ಆ ಕ್ಲಬ್ಬಿನ ಪಂಚಪಾಂಡವರೆಂದು ಪ್ರಸಿದ್ಧರಾದ ಐವರು ಮುನ್ನಡೆ ಆಟಗಾರರಲ್ಲಿ ಇವರೂ ಒಬ್ಬರು. ಬರಿಗಾಲಿನಲ್ಲಿ ಚೆಂಡನ್ನು ಹತೋಟಿಯಲ್ಲಿಟ್ಟುಕೊಳ್ಳುತ್ತಿದ್ದ ಕೌಶಲಕ್ಕಾಗಿ ಇವರಿಗೆ ಹಾವಾಡಿಗನೆಂಬ ಅಡ್ಡಹೆಸರು ಬಂದಿತ್ತು.

ಹಿನ್ನೆಲೆ ಮತ್ತು ಆರಂಭಿಕ ಜೀವನ

ಅಹ್ಮದ್ ಖಾನ್ ಫುಟ್‌ಬಾಲ್ ಆಡುವ ಕುಟುಂಬದಲ್ಲಿ ಬೆಳೆದರು. ತಂದೆ ಮತ್ತು ಸಹೋದರರು ಸಹ ಆಟಗಾರರಾಗಿದ್ದರು. ಬೆಂಗಳೂರಿನ ದಂಡುಪ್ರದೇಶದಲ್ಲಿ ಬ್ರಿಟಿಷ್ ಸೈನ್ಯದ ತುಕಡಿಗಳು ನೆಲೆಸಿದ್ದ ಕಾರಣ ಈ ಆಟ ಅಲ್ಲಿ ಬಹಳ ಮೊದಲೇ ಬೇರೂರಿತ್ತು. ಸೈನಿಕರ ಆಟವನ್ನು ನೋಡಿ ಕಲಿತ ಸುತ್ತಮುತ್ತಲಿನ ಬಡಾವಣೆಗಳ ಯುವಕರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು. ಬೂಟುಗಳನ್ನು ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. ಆದ್ದರಿಂದ ಬರಿಗಾಲಿನ ಆಟವೇ ವಾಡಿಕೆಯಾಗಿ, ಕಾಲಕ್ರಮದಲ್ಲಿ ಒಂದು ಶೈಲಿಯಾಗಿಯೂ ರೂಪುಗೊಂಡಿತು.

ಈ ವಾತಾವರಣದಲ್ಲಿ ಬೆಳೆದ ತಂಡಗಳಲ್ಲಿ ಬೆಂಗಳೂರು ಮುಸ್ಲಿಮ್ಸ್ ಪ್ರಮುಖವಾದುದು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಪಂದ್ಯಾವಳಿಯನ್ನು ದಶಕಗಳ ಕಾಲ ಸೇನಾ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಆ ಕಪ್ ಗೆದ್ದು, ಅದನ್ನು ಪಡೆದ ಮೊದಲ ಭಾರತೀಯ ನಾಗರಿಕ ತಂಡವೆನಿಸಿತು. ಮರುವರ್ಷ 1938ರಲ್ಲಿಯೂ ಗೆಲುವನ್ನು ಪುನರಾವರ್ತಿಸಿತು. ಅಹ್ಮದ್ ಖಾನರು ಆಗ ಇನ್ನೂ ಬಾಲಕರು. ಮುಂದಿನ ದಶಕದಲ್ಲಿ ಅದೇ ಕ್ಲಬ್ಬನ್ನು ಸೇರಿ ಅದರ ಪ್ರಮುಖ ಆಟಗಾರರಾದರು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಕಲ್ಕತ್ತದ ಮೋಹನ್ ಬಾಗಾನ್ ತಂಡವನ್ನು ಮಣಿಸಿ ಮೂರನೆಯ ಬಾರಿಗೆ ರೋವರ್ಸ್ ಕಪ್ ಗೆದ್ದಿತು.

ಮೈಸೂರು ತಂಡ

ಆ ಕಾಲದ ದಾಖಲೆಗಳಲ್ಲಿ ಬೆಂಗಳೂರಿನ ಆಟಗಾರರ ತಂಡವು ಮೈಸೂರು ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಹಳೆಯ ಮೈಸೂರು ಸಂಸ್ಥಾನಕ್ಕೆ ಸಂಬಂಧಿಸಿದ ಹೆಸರು. ಅಣ್ಣಿಗೇರಿ, ನವಲಗುಂದ, ಕುಂದಗೋಳ ಮೊದಲಾದ ಧಾರವಾಡ ಸೀಮೆಯ ಊರುಗಳು ಆಗ ಈ ಸಂಸ್ಥಾನದ ಹೊರಗಿದ್ದವು. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದ ಮೇಲೆ ಮೈಸೂರು ರಾಜ್ಯದ ವ್ಯಾಪ್ತಿ ಹಿಗ್ಗಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಹಾಗಾಗಿ ಅಹ್ಮದ್ ಖಾನರ ಪೀಳಿಗೆಯ ಮೈಸೂರು ತಂಡವು ಇಂದಿನ ಕರ್ನಾಟಕ ತಂಡದ ಪೂರ್ವರೂಪವಾದರೂ ಅದರ ಆಟಗಾರರು ಮುಖ್ಯವಾಗಿ ಬೆಂಗಳೂರಿನವರಾಗಿದ್ದರು.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಸ್ಪರ್ಧೆಯನ್ನು ಮೈಸೂರು ತಂಡವು 1946–47ರಲ್ಲಿ ಬಂಗಾಳವನ್ನು ಸೋಲಿಸಿ ಮೊದಲ ಬಾರಿಗೆ ಗೆದ್ದಿತು. ಈ ಗೆಲುವಿನಿಂದ ಕಲ್ಕತ್ತದ ದೊಡ್ಡ ಕ್ಲಬ್ಬುಗಳ ಗಮನ ಬೆಂಗಳೂರಿನತ್ತ ಹರಿಯಿತು.

ಆಟದ ಸ್ಥಾನ ಮತ್ತು ಶೈಲಿ

1940ರ ದಶಕದಲ್ಲಿ ಭಾರತೀಯ ತಂಡಗಳು ಸಾಮಾನ್ಯವಾಗಿ ಇಬ್ಬರು ಹಿಂಬದಿ ಆಟಗಾರರು, ಮೂವರು ಮಧ್ಯ ಆಟಗಾರರು ಮತ್ತು ಐವರು ಮುನ್ನಡೆ ಆಟಗಾರರ ವ್ಯೂಹದಲ್ಲಿ ಆಡುತ್ತಿದ್ದವು. ಐವರಲ್ಲಿ ಇಬ್ಬರು ಅಂಚುಗಳಲ್ಲಿ, ಒಬ್ಬರು ನಡುವೆ ಇರುತ್ತಿದ್ದರು. ಉಳಿದ ಇಬ್ಬರು ಒಳ ಮುನ್ನಡೆ ಆಟಗಾರರು. ಮಧ್ಯಸಾಲಿನವರಿಂದ ಚೆಂಡನ್ನು ಪಡೆದು ಮುಂದಿನ ಸಾಲಿಗೆ ತಲುಪಿಸುವುದು ಇವರ ಕೆಲಸ. ಇಂದಿನ ಪರಿಭಾಷೆಯಲ್ಲಿ ಈ ಸ್ಥಾನವು ದಾಳಿಯ ಮಿಡ್‌ಫೀಲ್ಡರ್ ಸ್ಥಾನಕ್ಕೆ ಹತ್ತಿರವಾದುದು. ಗೋಲು ಹೊಡೆಯುವುದರಷ್ಟೇ ಗೋಲಿಗೆ ದಾರಿ ಮಾಡಿಕೊಡುವುದೂ ಇಲ್ಲಿ ಮುಖ್ಯ.

ಅಹ್ಮದ್ ಖಾನರು ಎಡಭಾಗದ ಒಳ ಮುನ್ನಡೆ ಆಟಗಾರರಾಗಿದ್ದರು. ಅವರ ಶಕ್ತಿ ಇದ್ದದ್ದು ಓಟದ ವೇಗಕ್ಕಿಂತ ಹೆಚ್ಚಾಗಿ ಚೆಂಡಿನ ಮೇಲಿನ ಹಿಡಿತದಲ್ಲಿ. ಬರಿಗಾಲಿನ ಆಟಗಾರನಿಗೆ ಪಾದದ ಬೆರಳುಗಳಿಂದಲೂ ಅಂಗಾಲಿನಿಂದಲೂ ಚೆಂಡಿನ ಸ್ಪರ್ಶ ನೇರವಾಗಿ ದೊರೆಯುತ್ತದೆ. ಒಣನೆಲದಲ್ಲಿ ಇದರಿಂದ ಚೆಂಡನ್ನು ಸೂಕ್ಷ್ಮವಾಗಿ ತಿರುಗಿಸಲು, ಎದುರಾಳಿಯನ್ನು ಹತ್ತಿರಕ್ಕೆ ಸೆಳೆದು ತಪ್ಪಿಸಿಕೊಳ್ಳಲು ಅನುಕೂಲವಾಗುತ್ತದೆ. ಆದರೆ ಮಳೆಯಿಂದ ನೆನೆದ ಮೈದಾನದಲ್ಲಿ ಬರಿಗಾಲು ಜಾರುತ್ತದೆ, ನೆನೆದು ಭಾರವಾದ ತೊಗಲಿನ ಚೆಂಡನ್ನು ದೂರಕ್ಕೆ ಹೊಡೆಯುವುದು ಕಷ್ಟವಾಗುತ್ತದೆ, ಬೂಟು ಧರಿಸಿದ ಎದುರಾಳಿಯ ತುಳಿತದಿಂದ ಗಾಯದ ಅಪಾಯವೂ ಇರುತ್ತದೆ. ಅವರ ಆಟದ ಸೊಬಗು ಮತ್ತು ಮಿತಿ ಎರಡೂ ಈ ಒಂದೇ ಮೂಲದಿಂದ ಬಂದವು.

1948ರ ಲಂಡನ್ ಒಲಿಂಪಿಕ್ಸ್

ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವು 1948ರ ಜುಲೈ 31ರಂದು ಲಂಡನ್ ಬಳಿಯ ಇಲ್‌ಫೋರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ನಡೆಯಿತು. ನಾಗಾ ಪ್ರದೇಶದ ವೈದ್ಯ ತಾಲಿಮೆರೆನ್ ಆವೊ ತಂಡದ ನಾಯಕರಾಗಿದ್ದರು. ಬಲೈದಾಸ್ ಚಟರ್ಜಿ ತರಬೇತುದಾರರು. ಅಹ್ಮದ್ ಖಾನರ ಜೊತೆಗೆ ಗೋಲ್‌ಕೀಪರ್ ಕೆ. ವಿ. ವರದರಾಜ್, ಬಷೀರ್ ಹಾಗೂ ಸಾರಂಗಪಾಣಿ ರಾಮನ್ ಬೆಂಗಳೂರಿನಿಂದ ಹೋಗಿದ್ದ ಇತರ ಆಟಗಾರರು.

ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿಯೇ ಕಣಕ್ಕಿಳಿದರು. ಮೊದಲ ಅವಧಿಯಲ್ಲಿ ಫ್ರಾನ್ಸ್ ಒಂದು ಗೋಲು ಗಳಿಸಿತು. ಎರಡನೆಯ ಅವಧಿಯಲ್ಲಿ ರಾಮನ್ ಗೋಲು ಹೊಡೆದು ಅಂತರವನ್ನು ಸಮಗೊಳಿಸಿದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಇದೇ. ಭಾರತಕ್ಕೆ ದೊರೆತ ಎರಡು ಪೆನಾಲ್ಟಿ ಅವಕಾಶಗಳು ವ್ಯರ್ಥವಾದವು. ಪಂದ್ಯ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಗಳಿಸಿ 2–1 ಅಂತರದಿಂದ ಗೆದ್ದಿತು. ಸೋತರೂ ಭಾರತ ತಂಡದ ಆಟ ಪ್ರೇಕ್ಷಕರ ಮೆಚ್ಚುಗೆ ಪಡೆಯಿತು. ಕ್ರೀಡಾಕೂಟದ ನಂತರದ ಯೂರೋಪ್ ಪ್ರವಾಸದಲ್ಲಿ ಇದೇ ತಂಡವು ಆಮ್‌ಸ್ಟರ್‌ಡಾಮ್‌ನ ಅಯಾಕ್ಸ್ ಕ್ಲಬ್ಬನ್ನು 5–1 ಗೋಲುಗಳಿಂದ ಸೋಲಿಸಿತು.

ಈಸ್ಟ್ ಬೆಂಗಾಲ್ ಮತ್ತು ಪಂಚಪಾಂಡವರು

1949ರಲ್ಲಿ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. 1920ರಲ್ಲಿ ಸ್ಥಾಪನೆಯಾದ ಈ ಕ್ಲಬ್ಬು ಪೂರ್ವ ಬಂಗಾಳದ ಮೂಲದ ಜನರ ಅಭಿಮಾನಕ್ಕೆ ಪಾತ್ರವಾಗಿತ್ತು. 1947ರ ವಿಭಜನೆಯ ನಂತರ ಊರು ಮನೆಗಳನ್ನು ಬಿಟ್ಟು ಕಲ್ಕತ್ತಕ್ಕೆ ಬಂದು ಸೇರಿದ ಲಕ್ಷಾಂತರ ನಿರಾಶ್ರಿತರಿಗೆ ಅದು ಕಳೆದುಹೋದ ನಾಡಿನ ಗುರುತಾಗಿತ್ತು. ಆದರೆ ಆ ಗುರುತನ್ನು ಮೈದಾನದಲ್ಲಿ ಎತ್ತಿಹಿಡಿದ ದಾಳಿಯ ಸಾಲಿನಲ್ಲಿ ದಕ್ಷಿಣ ಭಾರತದವರೇ ತುಂಬಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಜೆ. ಸಿ. ಗುಹಾ ಅವರು ದೇಶದ ಬೇರೆ ಬೇರೆ ಭಾಗಗಳಿಂದ ಆಟಗಾರರನ್ನು ಕರೆತಂದು ಈ ಸಾಲನ್ನು ಕಟ್ಟಿದರು.

ಬಲ ಅಂಚಿನಲ್ಲಿ ವೆಂಕಟೇಶ್, ಒಳ ಬಲದಲ್ಲಿ ಅಪ್ಪಾರಾವ್, ನಡುವೆ ಧನರಾಜ್, ಒಳ ಎಡದಲ್ಲಿ ಅಹ್ಮದ್ ಖಾನ್, ಎಡ ಅಂಚಿನಲ್ಲಿ ಸಾಲೆ ಆಡುತ್ತಿದ್ದರು. ಈ ಐವರನ್ನು ಅಭಿಮಾನಿಗಳು ಪಂಚಪಾಂಡವರೆಂದು ಕರೆದರು. ಬೇರೆ ಬೇರೆ ಭಾಷೆ ಮತ್ತು ಧರ್ಮಗಳ ಐವರಿಗೆ ಮಹಾಭಾರತದ ಸೋದರರ ಹೆಸರು ಬಂದದ್ದು, ಅವರ ನಡುವಿನ ಹೊಂದಾಣಿಕೆಯನ್ನು ಜನ ಹೇಗೆ ಗ್ರಹಿಸಿದ್ದರೆಂಬುದನ್ನು ತೋರಿಸುತ್ತದೆ. ವಿಭಜನೆಯ ಗಲಭೆಗಳ ನೆನಪು ಇನ್ನೂ ಹಸಿಯಾಗಿದ್ದ ನಗರದಲ್ಲಿ ಹಿಂದೂ ನಿರಾಶ್ರಿತರ ಪ್ರೀತಿಯ ತಂಡದ ಕಣ್ಮಣಿಯಾಗಿ ಬೆಂಗಳೂರಿನ ಮುಸ್ಲಿಂ ಆಟಗಾರರೊಬ್ಬರು ಹತ್ತು ವರ್ಷ ಉಳಿದರು.

1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತ ಲೀಗ್, ಐ.ಎಫ್.ಎ. ಶೀಲ್ಡ್ ಮತ್ತು ರೋವರ್ಸ್ ಕಪ್ ಮೂರನ್ನೂ ಒಂದೇ ವರ್ಷ ಗೆದ್ದಿತು. ಅಹ್ಮದ್ ಖಾನ್ ಕ್ಲಬ್ಬಿನಲ್ಲಿದ್ದ ಅವಧಿಯ ಪ್ರಮುಖ ಪ್ರಶಸ್ತಿಗಳು ಹೀಗಿವೆ:

- ಕಲ್ಕತ್ತ ಫುಟ್‌ಬಾಲ್ ಲೀಗ್: 1949, 1950, 1952
- ಐ.ಎಫ್.ಎ. ಶೀಲ್ಡ್: 1949, 1950, 1951, 1958
- ಡ್ಯುರಾಂಡ್ ಕಪ್: 1951, 1952, 1956
- ರೋವರ್ಸ್ ಕಪ್: 1949

ಕಲ್ಕತ್ತದಲ್ಲಿ ನೆಲೆಸಿದ ಮೇಲೆ ಸಂತೋಷ್ ಟ್ರೋಫಿಯಲ್ಲಿ ಅವರು ಬಂಗಾಳದ ಪರವಾಗಿ ಆಡಿದರು. ಪಂಚಪಾಂಡವರ ಸಾಲು 1953ರ ಹೊತ್ತಿಗೆ ಚದುರಿತಾದರೂ ಅವರು 1959ರವರೆಗೆ ಅದೇ ಕ್ಲಬ್ಬಿನಲ್ಲಿ ಮುಂದುವರಿದರು.

ಆಡದೆ ಉಳಿದ ವಿಶ್ವಕಪ್

1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್‌ಗೆ ಭಾರತವು ಅರ್ಹತೆ ಪಡೆದಿತ್ತು. ಅರ್ಹತಾ ಗುಂಪಿನ ಇತರ ದೇಶಗಳು ಹಿಂದೆ ಸರಿದ ಕಾರಣ ಒಂದೂ ಪಂದ್ಯವಾಡದೆ ಈ ಅವಕಾಶ ದೊರೆತಿತ್ತು. ಆದರೆ ಭಾರತ ತಂಡ ಬ್ರೆಜಿಲ್‌ಗೆ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಅನುಮತಿ ದೊರೆಯದ್ದೇ ಕಾರಣವೆಂಬ ಕಥೆ ಜನಜನಿತವಾಗಿದೆ. ದೀರ್ಘ ಸಮುದ್ರಯಾನ, ಅಭ್ಯಾಸಕ್ಕೆ ಕಾಲಾವಕಾಶದ ಕೊರತೆ, ವಿಶ್ವಕಪ್‌ಗಿಂತ ಒಲಿಂಪಿಕ್ಸನ್ನು ದೊಡ್ಡದೆಂದು ಭಾವಿಸಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ನಿಲುವು ಇವು ಹೆಚ್ಚು ನಿರ್ಣಾಯಕವಾಗಿದ್ದವೆಂದು ಕ್ರೀಡಾ ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಆಗ 23 ವರ್ಷದವರಾಗಿದ್ದ ಅಹ್ಮದ್ ಖಾನರಿಗೂ ಅವರ ಸಹ ಆಟಗಾರರಿಗೂ ಅಂತಹ ಅವಕಾಶ ಮತ್ತೆ ಬರಲಿಲ್ಲ. ಭಾರತದ ಪುರುಷರ ತಂಡವು ಇಂದಿನವರೆಗೂ ವಿಶ್ವಕಪ್ ಅಂತಿಮ ಹಂತದಲ್ಲಿ ಆಡಿಲ್ಲ.

1951ರ ಏಷ್ಯನ್ ಕ್ರೀಡಾಕೂಟ

1951ರ ಮಾರ್ಚ್‌ನಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಶೈಲೇನ್ ಮನ್ನಾ ಭಾರತ ತಂಡದ ನಾಯಕರಾಗಿದ್ದರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ತರಬೇತುದಾರರು. ಭಾರತವು ಇಂಡೋನೇಷ್ಯ ಮತ್ತು ಅಫ್ಘಾನಿಸ್ತಾನ ತಂಡಗಳನ್ನು ತಲಾ 3–0 ಅಂತರದಿಂದ ಸೋಲಿಸಿತು. ಮಾರ್ಚ್ 10ರಂದು ನಡೆದ ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನ್ ತಂಡವನ್ನು ಮಣಿಸಿ ಚಿನ್ನದ ಪದಕ ಪಡೆಯಿತು. ಇದು ಭಾರತೀಯ ಫುಟ್‌ಬಾಲಿನ ಮೊದಲ ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿ.

1952ರ ಹೆಲ್ಸಿಂಕಿ ಒಲಿಂಪಿಕ್ಸ್

ಮರುವರ್ಷದ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಈ ಗೆಲುವಿನ ಸಂಭ್ರಮ ಮುರಿದುಬಿದ್ದಿತು. 1952ರ ಜುಲೈ 15ರಂದು ಭಾರತವು ಯುಗೊಸ್ಲಾವಿಯವನ್ನು ಎದುರಿಸಿತು. ಯುಗೊಸ್ಲಾವಿಯ ಆ ಕೂಟದ ಬಲಿಷ್ಠ ತಂಡಗಳಲ್ಲೊಂದಾಗಿದ್ದು ಮುಂದೆ ಅಂತಿಮ ಪಂದ್ಯ ತಲುಪಿ ಬೆಳ್ಳಿಯ ಪದಕ ಗಳಿಸಿತು. ಉತ್ತರ ಯೂರೋಪಿನ ಚಳಿಯಲ್ಲಿ, ಜಾರುವ ಹುಲ್ಲಿನ ಮೇಲೆ ಬರಿಗಾಲಿನ ಆಟಗಾರರು ನೆಲೆ ನಿಲ್ಲಲಾಗದೆ ತತ್ತರಿಸಿದರು. ಭಾರತದ ದೇಶೀಯ ಪಂದ್ಯಗಳು 90 ನಿಮಿಷಗಳಿಗಿಂತ ಕಡಿಮೆ ಅವಧಿಯವಾಗಿದ್ದುದರಿಂದ ಪೂರ್ಣಾವಧಿಯ ಆಟಕ್ಕೆ ಬೇಕಾದ ದಮ್ಮೂ ಸಾಲದಾಯಿತು. ಭಾರತ 1–10 ಅಂತರದಿಂದ ಸೋತಿತು. ಭಾರತದ ಆ ಒಂದು ಗೋಲನ್ನು ಪಂದ್ಯದ ಕೊನೆಯ ಘಟ್ಟದಲ್ಲಿ ಹೊಡೆದವರು ಅಹ್ಮದ್ ಖಾನ್.

ಈ ಸೋಲಿನ ನಂತರ ಫೆಡರೇಷನ್ ಭಾರತದಲ್ಲಿ ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು. 1911ರಲ್ಲಿ ಮೋಹನ್ ಬಾಗಾನ್ ತಂಡವು ಬೂಟುಧಾರಿ ಬ್ರಿಟಿಷ್ ಸೈನಿಕರನ್ನು ಸೋಲಿಸಿ ಶೀಲ್ಡ್ ಗೆದ್ದಂದಿನಿಂದ ಬರಿಗಾಲಿನ ಆಟ ಸ್ವಾಭಿಮಾನದ ಕುರುಹೂ ಆಗಿತ್ತು. ಆ ಅಧ್ಯಾಯ ಇಲ್ಲಿಗೆ ಮುಕ್ತಾಯವಾಯಿತು. ಬಾಲ್ಯದಿಂದ ಬರಿಗಾಲಿಗೆ ಒಗ್ಗಿದ್ದವರಿಗೆ ವೃತ್ತಿಯ ನಡುವೆ ಈ ಬದಲಾವಣೆ ಸುಲಭದ್ದಾಗಿರಲಿಲ್ಲ. ಅಹ್ಮದ್ ಖಾನರು ಹೊಸ ಕ್ರಮದಲ್ಲಿಯೂ ಹಲವು ವರ್ಷ ಆಡಿ, 1956ರ ಡ್ಯುರಾಂಡ್ ಕಪ್ ಮತ್ತು 1958ರ ಶೀಲ್ಡ್ ಗೆಲುವುಗಳ ಕಾಲದವರೆಗೂ ತಮ್ಮ ಕ್ಲಬ್ಬಿನಲ್ಲಿ ಉಳಿದರು.

ಕೊನೆಯ ವರ್ಷಗಳು ಮತ್ತು ಪರಂಪರೆ

ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಫುಟ್‌ಬಾಲಿನಲ್ಲಿ ಅದನ್ನು ಮೊದಲು ಪಡೆದವರು ಪಿ. ಕೆ. ಬ್ಯಾನರ್ಜಿ. ಅಷ್ಟರಲ್ಲಿ ಈಸ್ಟ್ ಬೆಂಗಾಲ್‌ನಲ್ಲಿ ಅಹ್ಮದ್ ಖಾನರ ಆಟ ಮುಗಿದಿತ್ತು. ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿ, ಏಷ್ಯನ್ ಕೂಟದ ಚಿನ್ನ ಗೆದ್ದ ಈ ಆಟಗಾರನ ಹೆಸರು ಆ ಪ್ರಶಸ್ತಿಯ ಪಟ್ಟಿಯಲ್ಲಿಲ್ಲ. ದೂರದರ್ಶನ ಬರುವ ಮೊದಲಿನ ಕಾಲವಾದ್ದರಿಂದ ಅವರ ಆಟವು ಮುಖ್ಯವಾಗಿ ಪತ್ರಿಕಾ ವರದಿಗಳಲ್ಲಿಯೂ ಕಂಡವರ ನೆನಪಿನಲ್ಲಿಯೂ ಉಳಿದುಬಂದಿದೆ. ಅವರು 2017ರ ಆಗಸ್ಟ್ 27ರಂದು ತಮ್ಮ 90ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಬೆಂಗಳೂರಿನಿಂದ ಕಲ್ಕತ್ತಕ್ಕೆ ಅವರು ತುಳಿದ ಹಾದಿಯಲ್ಲಿ ನಂತರದ ಪೀಳಿಗೆಯ ಕೆಂಪಯ್ಯ, ಅರುಮೈನಾಯಗಂ, ಉಲಗನಾಥನ್ ಮೊದಲಾದವರು ಸಾಗಿದರು. ಮೈಸೂರು ತಂಡವು 1952–53, 1967–68 ಮತ್ತು 1968–69ರಲ್ಲಿ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಅನಂತರ 54 ವರ್ಷಗಳ ಕಾಲ ಆ ಟ್ರೋಫಿ ರಾಜ್ಯಕ್ಕೆ ಬರಲಿಲ್ಲ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯದ ರಿಯಾದ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು 3–2 ಅಂತರದಿಂದ ಸೋಲಿಸಿ, ಕರ್ನಾಟಕವೆಂಬ ಹೆಸರಿನಲ್ಲಿ ರಾಜ್ಯ ತಂಡವು ಅದನ್ನು ಮೊದಲ ಬಾರಿಗೆ ಪಡೆಯಿತು.