ಹಕ್ಕಿಯ ನೆಲೆಯನ್ನು ಅರಸಿದ ಸಲೀಂ ಅಲಿ

ಹರವೆ ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿಯ ಊರು. ಅದರ ಸುತ್ತಣ ನೆಲ ಬಹುಮಟ್ಟಿಗೆ ಬಯಲು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಗಳ ಮೇಲೂ ನೀಲಗಿರಿಯ ಮೇಲೂ ತಮ್ಮ ನೀರಿನ ಬಹುಪಾಲನ್ನು ಸುರಿಸಿ, ಇತ್ತ ಬರುವ ವೇಳೆಗೆ ಹಗುರಾಗಿರುತ್ತವೆ. ಆದುದರಿಂದ ಇಲ್ಲಿನ ರೈತ ರಾಗಿ, ಜೋಳ, ಹುರುಳಿಗಳನ್ನು ಬಿತ್ತಿ ಮುಗಿಲನ್ನು ನೋಡುತ್ತಾನೆ. ಹೊಲದ ಬದುಗಳಲ್ಲಿ ಕಳ್ಳಿ, ಜಾಲಿಗಳು ಬೆಳೆಯುತ್ತವೆ. ಅವುಗಳ ನಡುವೆ ಕೌಜುಗ, ನೆಲಗುಬ್ಬಿಗಳು ಬಾಳುತ್ತವೆ.

ಇಲ್ಲಿಂದ ಪೂರ್ವಕ್ಕೆ ಸಾಗಿ ಬಿಳಿಗಿರಿರಂಗನ ಬೆಟ್ಟವನ್ನು ಏರತೊಡಗಿದರೆ ನೋಟ ಬದಲಾಗುತ್ತದೆ. ಬೆಟ್ಟದ ತಪ್ಪಲಿನಲ್ಲಿ ಕುರುಚಲು ಕಾಡು. ಸ್ವಲ್ಪ ಮೇಲೆ ಬೇಸಿಗೆಯಲ್ಲಿ ಎಲೆಯುದುರಿಸುವ ಮರಗಳ ಕಾಡು, ಅಲ್ಲಿ ಮರಕುಟಿಗಗಳ ಸದ್ದು. ಇನ್ನೂ ಮೇಲೆ ತೇವವುಳ್ಳ ಕಣಿವೆಗಳಲ್ಲಿ ಸದಾ ಹಸಿರಾಗಿರುವ ಶೋಲೆಗಳು, ಅವುಗಳ ಹಳ್ಳದ ಬದಿಯಲ್ಲಿ ಇಂಪಾಗಿ ಸಿಳ್ಳು ಹಾಕುವ ಸಿಳ್ಳಾರ. ನೆತ್ತಿಯಲ್ಲಿ ಗಾಳಿಗೆ ಬಾಗುವ ಹುಲ್ಲುಗಾವಲು. ಸುಮಾರು 600 ಮೀಟರು ಎತ್ತರದಿಂದ 1,800 ಮೀಟರು ಎತ್ತರದವರೆಗಿನ ಈ ಏರಿನಲ್ಲಿ ಮಳೆ, ಬಿಸಿಲು, ಗಿಡ, ಹಕ್ಕಿ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ.

ಭೂಮಿಯ ಮೇಲೂ ಹೀಗೆಯೇ ಉಂಟು. ಒಂದೆಡೆ ಮರುಭೂಮಿ, ಒಂದೆಡೆ ಹುಲ್ಲುಗಾವಲು, ಒಂದೆಡೆ ಮಳೆಕಾಡು, ಉತ್ತರ ಧ್ರುವದ ಅಂಚಿನಲ್ಲಿ ಮರವೇ ಇಲ್ಲದ ಹಿಮದ ಬಯಲು. ಹವೆಗೆ ತಕ್ಕಂತೆ ರೂಪುಗೊಂಡ ಇಂತಹ ವಿಶಾಲ ಪ್ರದೇಶಗಳನ್ನು ಜೀವವಲಯಗಳೆಂದು ಕರೆಯುತ್ತಾರೆ. ಒಂದು ನೆಲೆಯಲ್ಲಿ ಮಣ್ಣು, ನೀರು, ಗಿಡ, ಪ್ರಾಣಿಗಳು ಪರಸ್ಪರ ಅವಲಂಬಿಸಿ ನಡೆಸುವ ಬಾಳ್ವೆಯೇ ಪರಿಸರ ವ್ಯವಸ್ಥೆ. ಜರ್ಮನಿಯ ಹಂಬೋಲ್ಟ್ ಎಂಬ ವಿಜ್ಞಾನಿ 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತವನ್ನು ಏರುತ್ತ, ಎತ್ತರಕ್ಕೆ ಹೋದಂತೆಲ್ಲ ಸಸ್ಯಗಳು ಪಟ್ಟಿಪಟ್ಟಿಯಾಗಿ ಬದಲಾಗುವುದನ್ನು ಗಮನಿಸಿ ಈ ಅರಿವಿಗೆ ಅಡಿಪಾಯ ಹಾಕಿದನು. ನಮ್ಮ ನಾಡಿನಲ್ಲಿ ಇದೇ ಅರಿವನ್ನು ಹಕ್ಕಿಗಳ ಮೂಲಕ ಜನಕ್ಕೆ ಕಾಣಿಸಿದವರು ಸಲೀಂ ಅಲಿಯವರು.

ಸಲೀಂ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಮನೆಯ ಮಕ್ಕಳಲ್ಲಿ ಅವರೇ ಕಿರಿಯರು. ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಮೂರು ವರ್ಷದವರಾದಾಗ ತಾಯಿಯೂ ಇಲ್ಲವಾದರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಈ ತಬ್ಬಲಿ ಮಕ್ಕಳನ್ನು ತಮ್ಮ ಮನೆಯಲ್ಲಿ ಸಾಕಿದರು. ಮಾವನಿಗೆ ಬೇಟೆಯಲ್ಲಿ ಆಸಕ್ತಿ. ಹುಡುಗನಿಗೂ ಒಂದು ಆಟದ ಬಂದೂಕು ದೊರೆಯಿತು. ಅದರಿಂದ ಗುಬ್ಬಿಗಳನ್ನು ಹೊಡೆಯುವುದು ಅವನ ಹವ್ಯಾಸವಾಯಿತು.

ಒಂದು ದಿನ ಕೆಳಗೆ ಬಿದ್ದ ಗುಬ್ಬಿಯನ್ನು ಎತ್ತಿ ನೋಡಿದಾಗ ಅದರ ಕೊರಳಿನಲ್ಲಿ ಹಳದಿಯ ಮಚ್ಚೆಯಿದ್ದಿತು. ಅದು ಮನೆಯ ಸೂರಿನ ಸಾಮಾನ್ಯ ಗುಬ್ಬಿಯಲ್ಲ. ಯಾವ ಹಕ್ಕಿಯೆಂದು ಹುಡುಗ ಮಾವನನ್ನು ಕೇಳಿದನು. ಅವರಿಗೂ ತಿಳಿಯಲಿಲ್ಲ. ತಿಳಿಯದು ಎಂದು ಸುಮ್ಮನಾಗದೆ, 1883ರಲ್ಲಿ ಸ್ಥಾಪಿತವಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಎಂಬವರಲ್ಲಿಗೆ ಕಳುಹಿಸಿಕೊಟ್ಟರು. ಅಳುಕುತ್ತ ಬಂದ ಬಾಲಕನನ್ನು ಆ ಆಂಗ್ಲ ಅಧಿಕಾರಿ ಪ್ರೀತಿಯಿಂದ ಬರಮಾಡಿಕೊಂಡು, ಅದು ಹಳದಿ ಕೊರಳಿನ ಗುಬ್ಬಿಯೆಂದು ತಿಳಿಸಿದರು. ಬೀರುಗಳನ್ನು ತೆರೆದು ಸಂಗ್ರಹದಲ್ಲಿದ್ದ ಬಗೆಬಗೆಯ ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಕೊಲ್ಲುವ ಕುತೂಹಲ ತಿಳಿಯುವ ಕುತೂಹಲವಾಗಿ ತಿರುಗಿದ್ದು ಅಂದಿನಿಂದ.

ಆದರೆ ದಾರಿ ಸುಗಮವಾಗಿರಲಿಲ್ಲ. ಕಾಲೇಜಿನ ಓದು ನಡುವೆಯೇ ನಿಂತಿತು. 1914ರಲ್ಲಿ ಮನೆತನದ ಗಣಿ ಹಾಗೂ ಮರದ ವ್ಯಾಪಾರವನ್ನು ನೋಡಿಕೊಳ್ಳಲು ಅವರು ಬರ್ಮಾ ದೇಶಕ್ಕೆ ಹೋದರು. ಅಲ್ಲಿನ ಕಾಡುಗಳು ಅವರ ಮನಸ್ಸನ್ನು ಸೆಳೆದಷ್ಟು ವ್ಯಾಪಾರ ಸೆಳೆಯಲಿಲ್ಲ. ಮರಳಿ ಬಂದು ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರೂ ವಿಶ್ವವಿದ್ಯಾನಿಲಯದ ಪದವಿ ಅವರ ಕೈಗೆ ಬರಲಿಲ್ಲ. ಪದವಿಯಿಲ್ಲದವರಿಗೆ ವಿಜ್ಞಾನದ ಹುದ್ದೆ ದುರ್ಲಭವಾಗಿದ್ದಿತು. 1918ರಲ್ಲಿ ಅವರು ತೆಹಮೀನಾ ಅವರನ್ನು ಮದುವೆಯಾದರು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಜನರಿಗೆ ವಿವರಣೆ ನೀಡುವ ಕೆಲಸ ದೊರೆಯಿತು. ಎರಡು ವರ್ಷಗಳ ಬಳಿಕ ರಜೆ ಪಡೆದು ಬರ್ಲಿನ್ನಿಗೆ ತೆರಳಿ, ಸ್ಟ್ರೆಸೆಮನ್ ಎಂಬ ವಿದ್ವಾಂಸರ ಬಳಿ ಪಕ್ಷಿಶಾಸ್ತ್ರವನ್ನು ಕಲಿತರು. ಸತ್ತ ಹಕ್ಕಿಯ ಗರಿಗಳನ್ನು ಅಳೆಯುವುದಷ್ಟೇ ಶಾಸ್ತ್ರವಲ್ಲ, ಬದುಕಿರುವ ಹಕ್ಕಿಯನ್ನು ಅದರ ನೆಲೆಯಲ್ಲಿ ನೋಡುವುದೇ ಮುಖ್ಯ ಎಂಬ ನಂಬಿಕೆ ಅಲ್ಲಿ ಬಲಗೊಂಡಿತು.

1930ರಲ್ಲಿ ಹಿಂತಿರುಗಿದಾಗ ಅವರ ಹುದ್ದೆಯೇ ಇರಲಿಲ್ಲ. ಹಣದ ಅಭಾವದಿಂದ ಅದನ್ನು ರದ್ದುಗೊಳಿಸಲಾಗಿದ್ದಿತು. ಇನ್ನೊಬ್ಬರಾಗಿದ್ದರೆ ಎದೆಗುಂದುತ್ತಿದ್ದರೇನೋ. ಸಲೀಂ ಅಲಿ ದಂಪತಿಗಳು ಮುಂಬಯಿಗೆ ಸಮೀಪದ ಕಿಹೀಂ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿದರು. ಅಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ನಿರುದ್ಯೋಗಿಯ ಕೈಯಲ್ಲಿ ಕಾಲಕ್ಕೆ ಕೊರತೆಯಿಲ್ಲ. ತಿಂಗಳುಗಟ್ಟಲೆ ಕುಳಿತು ನೋಡಿದ ಅವರಿಗೆ ಹಿಂದಿನವರು ಅರಿಯದಿದ್ದ ಸಂಗತಿಗಳು ಗೋಚರಿಸಿದವು. ಗಂಡು ಹಕ್ಕಿ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ಣಗೊಳಿಸುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವು ಕೊಡತೊಡಗಿದಾಗ ಗಂಡು ಮತ್ತೊಂದು ಗೂಡನ್ನು ಆರಂಭಿಸುತ್ತದೆ.

ಅದೇ ಕರಾವಳಿಯಲ್ಲಿ ಅವರು ಬಂದಳಿಕೆ ಗಿಡವನ್ನೂ ಗಮನಿಸಿದರು. ಬಂದಳಿಕೆ ಬೇರೆ ಮರದ ಕೊಂಬೆಯ ಮೇಲೆ ಬೇರೂರಿ ಅದರ ಸಾರವನ್ನು ಹೀರುವ ಸಸ್ಯ. ಸೂರಕ್ಕಿಗಳು ಮಕರಂದಕ್ಕಾಗಿ ಅದರ ಹೂವಿಗೆ ಕೊಕ್ಕು ಹಾಕಿದಾಗ ಪರಾಗ ಒಂದು ಹೂವಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಬದನಿಕೆ ಹಕ್ಕಿ ಎಂಬ ಪುಟ್ಟ ಪಕ್ಷಿ ಅದರ ಹಣ್ಣನ್ನು ನುಂಗುತ್ತದೆ. ಅಂಟಿನಂತಹ ಬೀಜ ಹಿಕ್ಕೆಯೊಡನೆ ಹೊರಬಿದ್ದು ಮತ್ತೊಂದು ಕೊಂಬೆಗೆ ಅಂಟಿ ಅಲ್ಲಿ ಮೊಳೆಯುತ್ತದೆ. ಹಕ್ಕಿಗೆ ಆಹಾರ, ಗಿಡಕ್ಕೆ ಸಂತಾನ, ಮರಕ್ಕೆ ಮಾತ್ರ ಹಾನಿ. ಒಂದು ಹಕ್ಕಿಯನ್ನು ತಿಳಿಯಲು ಹೊರಟರೆ ಹೂವು, ಹಣ್ಣು, ಮರ ಎಲ್ಲವನ್ನೂ ತಿಳಿಯಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅಂದಿನ ದೇಶೀಯ ಸಂಸ್ಥಾನಗಳ ಹಕ್ಕಿಗಳ ವಿವರ ಸರಿಯಾಗಿ ದಾಖಲಾಗಿರಲಿಲ್ಲ. ಖರ್ಚನ್ನು ಕೊಟ್ಟರೆ ಸಾಕು, ಸಂಬಳವಿಲ್ಲದೆ ಸಮೀಕ್ಷೆ ಮಾಡಿಕೊಡುವುದಾಗಿ ಸಲೀಂ ಅಲಿಯವರು ಮುಂದೆ ಬಂದರು. 1931ರಲ್ಲಿ ಹೈದರಾಬಾದು, 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ, ಹೀಗೆ ಒಂದರ ಬಳಿಕ ಒಂದು ಸಂಸ್ಥಾನದ ಕಾಡುಮೇಡುಗಳನ್ನು ಸುತ್ತಿದರು. ಡೇರೆಯ ವಾಸ, ಕಾಲ್ನಡಿಗೆ, ಬೆಳಗಿನಿಂದ ಬೈಗಿನವರೆಗೆ ಟಿಪ್ಪಣಿ. ಈ ಕಷ್ಟದ ಬಾಳಿನಲ್ಲಿ ಪತ್ನಿ ತೆಹಮೀನಾ ಅವರು ಗೊಣಗದೆ ಜೊತೆಗೂಡಿದರು. ಆದರೆ 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ಬಳಿಕ ಅವರು ಅಕಾಲ ಮರಣಕ್ಕೆ ತುತ್ತಾದರು. ಸಲೀಂ ಅಲಿಯವರ ಪಾಲಿಗೆ ಅದು ತುಂಬಲಾರದ ನಷ್ಟ.

ಆ ದುಃಖ ಹಸಿಯಾಗಿದ್ದಾಗಲೇ ಅವರು ಮೈಸೂರು ಸಂಸ್ಥಾನಕ್ಕೆ ಬಂದರು. 1939-40ರಲ್ಲಿ ಇಲ್ಲಿನ ಪಕ್ಷಿ ಸಮೀಕ್ಷೆ ನಡೆಯಿತು. ಒಂದೇ ಸಂಸ್ಥಾನದಲ್ಲಿ ಮಲೆನಾಡಿನ ದಟ್ಟ ಕಾಡು, ಬಯಲು ಸೀಮೆಯ ಕುರುಚಲು, ಕೆರೆಗಳು, ಕಾವೇರಿಯ ನಡುಗಡ್ಡೆಗಳು ಇದ್ದುದರಿಂದ ಹಕ್ಕಿಗಳ ವೈವಿಧ್ಯವೂ ಅಪಾರವಾಗಿದ್ದಿತು. ಸಮೀಕ್ಷೆಗೆ ಕೆಲವು ಹಕ್ಕಿಗಳನ್ನು ಬಂದೂಕಿನಿಂದ ಹೊಡೆದು ಸಂಗ್ರಹಿಸುವುದು ಅಂದಿನ ಶಾಸ್ತ್ರದ ರೂಢಿ. ಅವರೂ ಅದನ್ನು ಅನುಸರಿಸಿದರು. ಆದರೆ ಪ್ರತಿಯೊಂದು ಹಕ್ಕಿಯೊಡನೆ ಅದು ಎಂತಹ ನೆಲದಲ್ಲಿ ಬಾಳುತ್ತದೆ, ಏನನ್ನು ತಿನ್ನುತ್ತದೆ, ಎಂದು ಗೂಡು ಕಟ್ಟುತ್ತದೆ ಎಂಬುದನ್ನು ಬರೆದಿಡುವುದನ್ನು ಮರೆಯಲಿಲ್ಲ. ಇದರ ಫಲವಾಗಿ ಮೈಸೂರಿನ ಹಕ್ಕಿಗಳನ್ನು ಕುರಿತ ಲೇಖನಮಾಲೆ, ಆಂಗ್ಲ ವಿದ್ವಾಂಸ ವಿಸ್ಲರ್ ಅವರ ಸಹಕಾರದೊಡನೆ, 1942ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮ ನಾಡಿಗೆ ಅವರಿಂದ ದೊರೆತ ಇನ್ನೊಂದು ಕಾಣಿಕೆ ರಂಗನತಿಟ್ಟು. ಶ್ರೀರಂಗಪಟ್ಟಣದ ಬಳಿ 17ನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದಾಗಿ ನದಿಯ ನಡುವೆ ತಿಟ್ಟುಗಳು ಉಂಟಾಗಿದ್ದವು. ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿ ಗೂಡು ಕಟ್ಟುತ್ತಿದ್ದವು. ನೀರು ಸುತ್ತುವರಿದುದರಿಂದ ಮರಿಗಳಿಗೆ ಶತ್ರುಭಯ ಕಡಿಮೆ. ಹೊಳೆಯಲ್ಲಿಯೂ ಸುತ್ತಣ ಗದ್ದೆಗಳಲ್ಲಿಯೂ ಮೀನು, ಬಸವನಹುಳುಗಳ ಆಹಾರ. ಇದರ ಮಹತ್ತ್ವವನ್ನು ಕಂಡ ಸಲೀಂ ಅಲಿಯವರು ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟುದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಂಗನತಿಟ್ಟು ರಾಮ್‌ಸಾರ್ ಒಪ್ಪಂದದ ಅಡಿಯಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು.

1941ರಲ್ಲಿ ಪ್ರಕಟವಾದ, ಭಾರತದ ಹಕ್ಕಿಗಳನ್ನು ಪರಿಚಯಿಸುವ ಅವರ ಇಂಗ್ಲಿಷ್ ಪುಸ್ತಕ ಸಾವಿರಾರು ಮಂದಿಯ ಕಣ್ಣು ತೆರೆಸಿತು. ಅಮೆರಿಕದ ರಿಪ್ಲಿಯವರೊಡಗೂಡಿ ರಚಿಸಿದ 10 ಸಂಪುಟಗಳ ಬೃಹದ್‌ಗ್ರಂಥ 1968ರಿಂದ 1974ರವರೆಗೆ ಹೊರಬಂದಿತು. ಕೇರಳದ ಸೈಲೆಂಟ್ ವ್ಯಾಲಿಯ ಮಳೆಕಾಡು ಜಲವಿದ್ಯುತ್ ಯೋಜನೆಯಲ್ಲಿ ಮುಳುಗುವ ಅಪಾಯ ಬಂದಾಗ ಅದನ್ನು ಉಳಿಸಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. 1983ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು.

ರಾಜಸ್ಥಾನದ ಭರತಪುರದ ಜೌಗು ಪ್ರದೇಶವನ್ನು ಉಳಿಸುವುದಕ್ಕೂ ಅವರು ಬಹುವಾಗಿ ಶ್ರಮಿಸಿದರು. ಆದರೆ ಅಲ್ಲಿ ನಡೆದ ಒಂದು ಸಂಗತಿ ನಾವೆಲ್ಲರೂ ತಿಳಿದಿರಬೇಕಾದುದು. 1982ರಲ್ಲಿ ಅಲ್ಲಿ ದನ, ಎಮ್ಮೆಗಳ ಮೇವನ್ನು ನಿಷೇಧಿಸಲಾಯಿತು. ದನಗಳು ಬಾರದಿದ್ದರೆ ಹಕ್ಕಿಗಳಿಗೆ ಒಳಿತೆಂಬುದು ಅಂದಿನ ತಿಳಿವಳಿಕೆ. ಹಳ್ಳಿಗರು ಪ್ರತಿಭಟಿಸಿದರು, ಗಲಭೆಯಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಮುಂದೆ ಸೊಸೈಟಿಯ ವಿಜ್ಞಾನಿಗಳೇ ದೀರ್ಘಕಾಲ ಅಧ್ಯಯನ ಮಾಡಿದಾಗ ಬೇರೆಯೇ ಸತ್ಯ ಹೊರಬಿದ್ದಿತು. ಎಮ್ಮೆಗಳು ಮೇಯದಿದ್ದುದರಿಂದ ಹುಲ್ಲು ಬೆಳೆದು ನೀರನ್ನು ಮುಚ್ಚಿ, ನೀರುಹಕ್ಕಿಗಳಿಗೆ ಜಾಗವಿಲ್ಲದಂತಾಗಿದ್ದಿತು. ಎಮ್ಮೆಯೂ ಅದನ್ನು ಮೇಯಿಸುವವನೂ ಆ ವ್ಯವಸ್ಥೆಯ ಅಂಗಗಳೇ ಆಗಿದ್ದರು. ತಾನು ಸಾರಿದ ಸಂಸ್ಥೆಯೇ ತನ್ನ ಕಾಲದ ತಿಳಿವಳಿಕೆ ತಪ್ಪೆಂದು ಲೋಕಕ್ಕೆ ಹೇಳುವಂತಾದುದು ಸಲೀಂ ಅಲಿಯವರು ಕಲಿಸಿದ ನೋಡುವ ವಿಧಾನಕ್ಕೆ ಸಂದ ಗೌರವವೆಂದೇ ಹೇಳಬೇಕು.

ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಇದಕ್ಕೆ ಸಮಾನವಾದ ಪ್ರಶ್ನೆಯೊಂದಿದೆ. ಅಲ್ಲಿನ ನೆಲ್ಲಿಮರಗಳಿಗೆ ಬಂದಳಿಕೆಯ ಕಾಟ ಹೆಚ್ಚಾಗಿದೆ. ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದ ಸೋಲಿಗರು ಹಿಂದೆ ತರಗೆಲೆಗೆ ಸಣ್ಣ ಬೆಂಕಿಯನ್ನು ಹಾಕುತ್ತಿದ್ದರು. ಆ ಬೆಂಕಿ ನಿಂತ ಮೇಲೆ ಬಂದಳಿಕೆಯೂ ಲಂಟಾನವೂ ಬೆಳೆದವೆಂದು ಅವರು ಹೇಳುತ್ತಾರೆ. 1974ರಲ್ಲಿ ಅಭಯಾರಣ್ಯವಾದ ಈ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕೂ ದೊರೆಯಿತು. ಹಕ್ಕಿ, ಬಂದಳಿಕೆ, ನೆಲ್ಲಿ, ಬೆಂಕಿ, ಮನುಷ್ಯ ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಅರಿಯುವುದು ಸಾಧ್ಯವಿಲ್ಲ.

ಸಲೀಂ ಅಲಿಯವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. ಪದವಿಯಿಲ್ಲವೆಂದು ಹುದ್ದೆ ಸಿಗದಿದ್ದವರಿಗೆ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟುಗಳನ್ನು ನೀಡಿದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1986ರಲ್ಲಿ ಬಂಡೀಪುರವನ್ನೂ ಒಳಗೊಂಡ ನೀಲಗಿರಿ ಜೀವಗೋಳ ರಕ್ಷಿತ ಪ್ರದೇಶ ದೇಶದಲ್ಲೇ ಮೊದಲನೆಯದಾಗಿ ರೂಪುಗೊಂಡಾಗ ಅವರಿನ್ನೂ ಬದುಕಿದ್ದರು. ಮರುವರ್ಷ, 1987ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ಬಾಳನ್ನು ತಿರುಗಿಸಿದ್ದು ದೊಡ್ಡ ಕಾಡಲ್ಲ, ಕೈಯಲ್ಲಿದ್ದ ಒಂದು ಪುಟ್ಟ ಗುಬ್ಬಿ. ಅದು ಯಾವುದೆಂಬ ಒಂದು ಪ್ರಶ್ನೆ. ಲೋಕದ ಜೀವವಲಯಗಳನ್ನು ಅರಿಯಲು ದೂರದ ಮರುಭೂಮಿಗೋ ಮಳೆಕಾಡಿಗೋ ಹೋಗಲೇಬೇಕೆಂದಿಲ್ಲ. ಹರವೆಯ ಹೊಲದ ಬದುವಿನಲ್ಲಿ ಕುಳಿತ ವಿದ್ಯಾರ್ಥಿ, ಕೌಜುಗ ಈ ಕಳ್ಳಿಯ ಮರೆಯಲ್ಲಿಯೇ ಏಕಿದೆ, ಬೆಟ್ಟದ ಸಿಳ್ಳಾರ ಇಲ್ಲಿಗೆ ಏಕೆ ಬರುವುದಿಲ್ಲ ಎಂದು ಕೇಳಿ, ಕಂಡುದನ್ನು ದಿನವೂ ಬರೆದಿಟ್ಟರೆ ಆ ಅರಿವಿನ ಬಾಗಿಲು ಅಲ್ಲಿಯೇ ತೆರೆಯುತ್ತದೆ.